ಹೊಗೆ ಕಂಡ ಕಾಯಿ, ಹೊಗೆ ಕಾಣದ ಕಾಯಿ

ಇವತ್ತು ಭಾನುವಾರ ಬೆಳಿಗ್ಗೆ ಇಡ್ಲಿಗೆ ಚಟ್ನಿ ಮಾಡೋಣವೆಂದು ತೆಂಗಿನಕಾಯಿ ಒಡೆದರೆ ಕೆಟ್ಟುಹೋಗಿತ್ತು. ಕೆಟ್ಟ ಕಾಯಿಯ ವಾಸನೆ ಬಲ್ಲವರಿಗೆ ನಾನು ಹೇಳಬೇಕಾದ್ದಿಲ್ಲ; ಅರಿಯದವರಿಗೆ ಹೇಳಿ ಅವರ ತಿಂಡಿಯನ್ನೂ ಕೆಡಿಸುವ ಮನಸ್ಸಿಲ್ಲ. ದೇವರ ಮುಂದೆ ಒಡೆದ ಕಾಯಿ ಕೆಟ್ಟಿದ್ದರೆ ಅದಕ್ಕೆ ಹತ್ತು ಅರ್ಥ ಹೇಳುವವರು ಸಿಗುತ್ತಾರೆ. ಅಡುಗೆಮನೆಯಲ್ಲಿ ಕೆಟ್ಟರೆ ಒಂದೇ ಅರ್ಥ, ಇವತ್ತು ಇಡ್ಲಿಗೆ ಚಟ್ನಿಪುಡಿ. ಹೋಳುಗಳನ್ನು ಕವರಿನಲ್ಲಿ ಕಟ್ಟಿ ಹೊರಗೆ ಹಾಕಿದೆ, ಸೋಪು ಹಚ್ಚಿ ಮತ್ತೆ ಮತ್ತೆ ಕೈ ತೊಳೆದೆ. ವಾಸನೆ ಮಾತ್ರ ಕುಣಿಗಲ್ಲಿನ ಈ ಬಾಡಿಗೆ ಮನೆ ಬಿಟ್ಟು ಹೋಗಲು ಒಪ್ಪಲಿಲ್ಲ.

ನಾನು ಇಲ್ಲಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಡಂ. ಮಕ್ಕಳು ನನ್ನನ್ನು ಸಿಡುಕಿ ಎನ್ನುತ್ತಾರೆಂದು ಗೊತ್ತು. ಅವರ ಗಮನಿಸುವ ಶಕ್ತಿ ಚೆನ್ನಾಗಿದೆಯೆಂದು ಒಳಗೊಳಗೇ ಸಂತೋಷಪಡುತ್ತೇನೆ. ಇಂಥವಳಿಗೆ ಒಂದು ಕೆಟ್ಟ ಕಾಯಿಯ ವಾಸನೆಗೆ ಎದೆ ಹೊಡೆದುಕೊಳ್ಳಬಾರದು. ಹೊಡೆದುಕೊಳ್ಳುತ್ತದೆ. ಆ ವಾಸನೆಗೆ ನನಗೆ ನೆನಪಾಗುವುದು ನಮ್ಮ ತೋಟವಲ್ಲ, ತುಮಕೂರಿನ ಕಾಲೇಜೊಂದರ ಕೋಣೆ. ಉದ್ದನೆಯ ಮೇಜು, ಅದರ ಆಚೆ ಕೂತ ಮೂವರು, ಈಚೆ ಯೂನಿಫಾರಂ ಹಾಕಿಕೊಂಡು ನಿಂತ ನಾನು. ನೀವೂ ಬನ್ನಿ, ಕೂತ್ಕೊಳ್ಳಿ. ಚಟ್ನಿಪುಡಿಯಲ್ಲೇ ಇಡ್ಲಿ ತಿನ್ನುತ್ತ ಹೇಳುತ್ತೇನೆ.

ನಮ್ಮೂರು ಗುಬ್ಬಿ ತಾಲ್ಲೂಕಿನ ನಿಟ್ಟೂರು. ನಮ್ಮ ಕಡೆ ಬಲಿತ ತೆಂಗಿನಕಾಯಿಗಳನ್ನು ಸಿಪ್ಪೆ ಸುಲಿಯದೆ ಅಟ್ಟದ ಮೇಲೆ ಒಟ್ಟಿ, ವರ್ಷದ ಹತ್ತಿರ ಹಾಗೇ ಬಿಟ್ಟುಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಡಿಸಿಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಅದೇ ಉಂಡೆ ಕೊಬ್ಬರಿ. ಅಷ್ಟು ದಿನದಲ್ಲಿ ಕೆಲವು ಕೆಡುತ್ತವೆ. ಕೆಟ್ಟದ್ದು ಸೋರಿ ಪಕ್ಕದ್ದಕ್ಕೂ ತಾಗುವುದರಿಂದ, ಅಟ್ಟ ಹತ್ತಿದವರು ಯಾರೇ ಆಗಲಿ, ಕೆಟ್ಟ ಕಾಯಿ ಕಂಡರೆ ಅದನ್ನು ಆಚೆ ಎಸೆದೇ ಇಳಿಯುವುದು. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಹೊಸಿಲು ದಾಟುವಾಗ ಕಾಲೆತ್ತುವ ಹಾಗೆ, ಕೈ ತಾನಾಗಿ ಹೋಗುತ್ತದೆ.

ನಮ್ಮಜ್ಜಿಯ ಪ್ರಕಾರ ಕಾಯಿ ಕೆಡುವುದಕ್ಕೆ ಕಾರಣ ಗ್ಯಾಸ್ ಒಲೆ. ಅವಳ ಮಂಡಿನೋವಿಗೂ ಗ್ಯಾಸ್ ಒಲೆಯೇ ಕಾರಣವಾಗಿತ್ತು, ಆ ಮಾತು ಬೇರೆ. ಸೌದೆ ಒಲೆಯ ಕಾಲದಲ್ಲಿ ಅಟ್ಟಕ್ಕೆ ದಿನವೂ ಹೊಗೆ ಆಡುತ್ತಿತ್ತಂತೆ, ಹೊಗೆ ಕಂಡ ಕಾಯಿ ಕೆಡುತ್ತಲೇ ಇರಲಿಲ್ಲವಂತೆ. ಮನೆಯಲ್ಲಿ ಈಗ ಹೊಗೆ ಉಳಿದಿದ್ದು ಬಚ್ಚಲಲ್ಲಿ ಮಾತ್ರ, ಸ್ನಾನದ ನೀರಿಗೆ ತೆಂಗಿನ ಸೋಗೆ ಉರಿಸುವ ಒಲೆಯಿಂದ. ಅಜ್ಜಿ ಹೇಳಿದ್ದನ್ನೆಲ್ಲ ಸುಳ್ಳೆಂದು ಸಾಧಿಸುವ ವಯಸ್ಸು ನನ್ನದು. ಸರಿ, ನೋಡೇಬಿಡೋಣ ಎನ್ನಿಸಿತು.

ಅದೇ ಹೊತ್ತಿಗೆ ನಮ್ಮ ವಿಜ್ಞಾನದ ಮೇಷ್ಟ್ರು ಒಂದು ಸುದ್ದಿ ತಂದರು. ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದು ಒಂಬತ್ತನೇ ಕ್ಲಾಸು ಮುಗಿಸಿದ ಮಕ್ಕಳಲ್ಲಿ ಕೆಲವರನ್ನು ಆರಿಸಿ, ಬೇಸಿಗೆ ರಜೆಯಲ್ಲಿ ತನ್ನ ಲ್ಯಾಬಿನಲ್ಲಿ ಇಟ್ಟುಕೊಂಡು ಕೆಲಸ ಕಲಿಸುತ್ತದೆ. ಅರ್ಜಿ ಹಾಕುವವರು ತಮ್ಮದೇ ಒಂದು ಪ್ರಶ್ನೆ ಹಿಡಿದು, ಪರೀಕ್ಷೆ ಮಾಡಿ, ಕಂಡದ್ದನ್ನು ಬರೆದು ಕಳಿಸಬೇಕು. ಹತ್ತನೇ ಕ್ಲಾಸಿಗೆ ಕಾಲಿಟ್ಟ ಮೇಲೆ ಅವಕಾಶವಿಲ್ಲ. ಕೊಬ್ಬರಿ ಆಗಲು ವರ್ಷ ಬೇಕಾದ್ದರಿಂದ ನಾನು ಎಂಟನೇ ಕ್ಲಾಸಿನಲ್ಲೇ ಶುರುಮಾಡಿದೆ. ನಮ್ಮ ಸ್ಕೂಲಿನ ಮೈಕ್ರೋಸ್ಕೋಪು ಬೀರುವಿನೊಳಗೆ ಬೀಗ ಹಾಕಿಸಿಕೊಂಡು ಕೂತಿತ್ತು. ಇನ್‌ಸ್ಪೆಕ್ಷನ್ ದಿನ ಹೊರಗೆ ಬಂದು ಮೇಜಿನ ಮೇಲೆ ನಿಂತು, ಸಂಜೆ ಮತ್ತೆ ಒಳಗೆ ಹೋಗುತ್ತಿತ್ತು. ಅದರಲ್ಲಿ ಒಂದು ಸಲ ಕಣ್ಣಿಟ್ಟು ನೋಡಬೇಕೆಂದು ನಾನು ಪಟ್ಟ ಆಸೆಯನ್ನು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಬೆಂಗಳೂರಿನ ಆ ಲ್ಯಾಬಿನಲ್ಲಿ ಪ್ರತಿ ಹುಡುಗಿಗೂ ಒಂದೊಂದು ಇರುತ್ತದೆಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ.

ಒಂದೇ ಕೊಯ್ಲಿನ ಕಾಯಿಗಳಲ್ಲಿ ಸ್ವಲ್ಪವನ್ನು ಬಚ್ಚಲ ಮೇಲಿನ ಅಟ್ಟಕ್ಕೂ, ಅಷ್ಟನ್ನೇ ಹೊಗೆ ಸುಳಿಯದ ಸಾಮಾನು ಕೋಣೆಯ ಅಟ್ಟಕ್ಕೂ ಏರಿಸಿದೆ. ಗೇಟಿಗೆ ಬಳಿದು ಮಿಕ್ಕಿದ್ದ ನೀಲಿ ಪೇಂಟಿನಲ್ಲಿ ಒಂದೊಂದಕ್ಕೂ ನಂಬರ್ ಬರೆದೆ. ಕಾಯಿಗಳನ್ನು ಅಲ್ಲಾಡಿಸಬಾರದೆಂದು ವಾರಕ್ಕೊಮ್ಮೆ ಏಣಿಯ ಮೇಲೆ ನಿಂತು ಟಾರ್ಚ್ ಬಿಟ್ಟು ನೋಡುತ್ತಿದ್ದೆ. ನಂಬರುಗಳೆಲ್ಲ ಇದ್ದವು. ವರ್ಷ ಕಳೆದು ಇಳಿಸಿ ಒಡೆದಾಗ ಎರಡು ಕಡೆಯಲ್ಲೂ ಒಂದೂ ಕೆಟ್ಟಿರಲಿಲ್ಲ. ಎಲ್ಲ ಉಂಡೆಗಳೂ ಗಟ್ಟಿಯಾಗಿ, ಚೆಂದವಾಗಿ ಕೈಗೆ ಬಂದವು. ಹೊಗೆಯಿಂದ ಯಾವ ವ್ಯತ್ಯಾಸವೂ ಇಲ್ಲ, ನಮ್ಮ ಜನ ತಲೆಮಾರಿನಿಂದ ನಂಬಿದ್ದು ಸರಿಯಲ್ಲ ಎಂದು ಅರ್ಜಿಯಲ್ಲಿ ಬರೆದೆ. ಬರೆಯುವಾಗ ನಾನು ಭೂಮಿಯಿಂದ ಒಂದು ಗೇಣು ಮೇಲಿದ್ದೆ. ಅಜ್ಜಿಗೂ ಹೇಳಿದೆ. ಅವಳು ನನ್ನನ್ನೂ ಕೊಬ್ಬರಿಯನ್ನೂ ಒಮ್ಮೆ ನೋಡಿ, ಇರಬಹುದು ಎಂದಳು. ಅಜ್ಜಿ ಅಷ್ಟು ಸುಲಭಕ್ಕೆ ಸೋತಾಗಲೇ ನನಗೆ ಅನುಮಾನ ಬರಬೇಕಿತ್ತು.

ತುಮಕೂರಿನ ಕಾಲೇಜೊಂದರಲ್ಲಿ ನಡೆಯುವ ಸಂದರ್ಶನಕ್ಕೆ ಕರೆ ಬಂತು. ಅಪ್ಪ ಆಗ ವಸಂತನರಸಾಪುರದ ಫ್ಯಾಕ್ಟರಿಯೊಂದರ ಚೆಕಿಂಗ್ ವಿಭಾಗದಲ್ಲಿದ್ದ. ಟ್ರೇಯಲ್ಲಿ ಬಂದ ಮಾಲಿನಲ್ಲಿ ಕೆಟ್ಟ ಪೀಸು ಕಂಡರೆ ತೆಗೆದು, ಒಳ್ಳೆಯದಿಟ್ಟು, ಟ್ರೇ ತುಂಬಿಸಿ ಮುಂದಕ್ಕೆ ತಳ್ಳುವುದು ಅವನ ಕೆಲಸ. ತೋಟದ ಕೆಲಸ ರಜೆಯ ದಿನಕ್ಕೆ. ನನಗಾಗಿ ಒಂದು ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು, ಕೊಬ್ಬರಿ ಉಂಡೆಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪ್ಯಾಸೆಂಜರ್ ರೈಲಿನಲ್ಲಿ ನನ್ನ ಎದುರು ಕೂತ.

ಗುಬ್ಬಿ ದಾಟಿತ್ತು. ಪಕ್ಕದಲ್ಲಿದ್ದವರೊಬ್ಬರು ಚೀಲದಲ್ಲೇನು ಎಂದು ಕೇಳಿದರು. ಅಪ್ಪ ಕಾಯುತ್ತಿದ್ದವನಂತೆ ನನ್ನ ಪ್ರಾಜೆಕ್ಟಿನ ಕತೆ ಶುರುಮಾಡಿದ. ನಾನು ಕಿಟಕಿಯ ಕಡೆ ತಿರುಗಿ, ಕೇಳಿಸದವಳ ಹಾಗೆ ಕೇಳಿಸಿಕೊಳ್ಳುತ್ತಿದ್ದೆ.

"ಒಂದ್ ಕಾಯೂ ಕಮ್ಮಿ ಆಗ್ದಂಗೆ ನೋಡ್ಕಂಡಿದೀನಿ ಸಾರ್. ಮಳೆಗಾಲ್ದಲ್ಲಿ ಒಂದಷ್ಟು ಕೆಟ್ಟಿದ್ವು. ಎತ್ ಬಿಸಾಕಿ, ಅದೇ ಕೊಯ್ಲಿನ್ ಒಳ್ಳೇ ಕಾಯಿ ಇಟ್ಟು, ಇವ್ಳು ಬರ್ದಿದ್ ನಂಬರ್‌ನೇ ಬರ್ದಿದೀನಿ. ಇವ್ಳಿಗೇ ಗೊತ್ತಾಗಿಲ್ಲ ನೋಡಿ."

ಕಿಟಕಿಯ ಆಚೆ ಏನಿತ್ತೋ ಈಗ ನೆನಪಿಲ್ಲ. ಕಿವಿಯೊಳಗೆ ಗುಂಯ್ ಎಂದದ್ದು ನೆನಪಿದೆ. ಯಾವ ಅಟ್ಟದ್ದು ಕೆಟ್ಟಿದ್ದು ಎಂದು ಕೇಳಿದೆ. ಅಪ್ಪನಿಗೆ ನೆನಪಾಗಲಿಲ್ಲ. ಎರಡು ಕಡೆಯೂ ಇದ್ದವೇನೋ ಎಂದ. ಎಷ್ಟು ಎಂದೆ. ಒಂದೇ ಸಲ ತೆಗೆದದ್ದಲ್ಲವಲ್ಲ, ಹತ್ತಿದಾಗಲೆಲ್ಲ ನೋಡಿ ನೋಡಿ ತೆಗೆದದ್ದು ಎಂದ. ಯಾಕೆ, ನಂಬರ್ ಏನಾದರೂ ತಪ್ಪಾಗಿದೆಯಾ ಎಂದು ಅವನೇ ಕೇಳಿದ. ಇಲ್ಲಪ್ಪ ಎಂದೆ. ಕೆಡುವ ಕಾಯಿಗಳನ್ನು ನೋಡಲೆಂದೇ ನಾನು ಅವನ್ನು ಅಲ್ಲಿಟ್ಟಿದ್ದು ಎಂದು ಅಷ್ಟು ಜನರ ನಡುವೆ, ಆ ಇಸ್ತ್ರಿ ಶರ್ಟಿಗೆ, ಹೇಗೆ ಹೇಳಲಿ?

ತುಮಕೂರು ಸ್ಟೇಷನ್ನಿನಿಂದ ಕಾಲೇಜಿನವರೆಗೆ ನಡೆದೇ ಹೋದೆವು. ದಾರಿಯುದ್ದಕ್ಕೂ ನನ್ನೊಳಗೆ ಇಬ್ಬರು ಜಗಳವಾಡುತ್ತಿದ್ದರು. ಗೊತ್ತಿರುವುದು ನನಗೊಬ್ಬಳಿಗೆ, ಬಾಯಿ ಮುಚ್ಚಿಕೊಂಡಿದ್ದರೆ ಆಯಿತು ಎನ್ನುತ್ತಿದ್ದಳು ಒಬ್ಬಳು. ಇನ್ನೊಬ್ಬಳು ಸುಮ್ಮನೆ ಅಜ್ಜಿಯ ಹಾಗೆ ನೋಡುತ್ತಿದ್ದಳು. ಕಾರಿಡಾರಿನಲ್ಲಿ ಬೇರೆ ಮಕ್ಕಳು ಫೈಲು ಹಿಡಿದು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡುತ್ತಿದ್ದರು. ಅಪ್ಪ ಬಾಟಲಿಯ ಮುಚ್ಚಳ ತೆಗೆದು ನೀರು ಕೊಟ್ಟ, ಹೆದರಬೇಡ ಎಂದ. ನಾನು ಯಾವುದಕ್ಕೆ ಹೆದರಿದ್ದೇನೆಂದು ಅವನಿಗೆ ತಿಳಿದಿರಲಿಲ್ಲ. ಅಷ್ಟರಲ್ಲಿ ನನ್ನ ಹೆಸರು ಕೂಗಿದರು.

ಮೂವರಲ್ಲಿ ನಡುವೆ ಕೂತಿದ್ದ, ಬೆಳ್ಳಿ ಕೂದಲಿನ ಮೇಡಂ ನನ್ನ ಅರ್ಜಿಯನ್ನು ಕೈಯಲ್ಲಿ ಹಿಡಿದು ನಗುನಗುತ್ತಾ ಕರೆದರು. ಊರವರೆಲ್ಲ ನಂಬಿದ್ದನ್ನು ಪರೀಕ್ಷೆಗೆ ಹಚ್ಚಿದ್ದು ತಮಗೆ ತುಂಬ ಇಷ್ಟವಾಯಿತು ಎಂದರು. ಅವರು ಸಿಡುಕಿ ಮಾತಾಡಿದ್ದರೆ ನಾನು ಬಹುಶಃ ಸುಳ್ಳನ್ನೇ ಮುಂದುವರಿಸುತ್ತಿದ್ದೆ. ಆ ನಗು ನನ್ನನ್ನು ಕೆಡವಿತು. ನಾನು ಬರೆದದ್ದು ಸರಿಯಿಲ್ಲ ಮೇಡಂ, ಅಪ್ಪ ಕೆಟ್ಟ ಕಾಯಿ ತೆಗೆದು ಒಳ್ಳೇದು ಇಟ್ಟಿದ್ದರು, ನನಗೆ ಇವತ್ತು ರೈಲಿನಲ್ಲಿ ಗೊತ್ತಾಯಿತು ಎಂದು ಒಂದೇ ಉಸಿರಿಗೆ ಹೇಳಿದೆ. ಹೇಳುತ್ತ ಹೇಳುತ್ತ ಅಳು ಬಂದುಬಿಟ್ಟಿತು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಪ್ಪ ಬಂದಿದ್ದಾರಾ, ಕರೀರಿ ಎಂದರು ಮೇಡಂ. ಅಪ್ಪ ಚೀಲ ಹಿಡಿದುಕೊಂಡೇ ಒಳಗೆ ಬಂದ. ಕೈಮುಗಿಯಲು ಹೋಗಿ ಚೀಲ ಅಡ್ಡ ಬಂದು, ಅದನ್ನು ಕಂಕುಳಿಗೆ ಸಿಕ್ಕಿಸಿ ಮುಗಿದ. ನೀವು ಮಗಳ ಕಾಯಿಗಳನ್ನು ಬದಲಾಯಿಸಿದ್ರಾ ಎಂದು ಮೇಡಂ ಕೇಳಿದರು. ಅಪ್ಪ ನನ್ನ ಮುಖ ನೋಡಿದ, ನನ್ನ ಕೆನ್ನೆ ನೋಡಿದ, ಮೇಜಿನ ಮೇಲಿದ್ದ ಅರ್ಜಿ ನೋಡಿದ.

"ಇಲ್ಲ ಮೇಡಂ," ಎಂದ. "ನಾನು ಆ ಅಟ್ಟ ಹತ್ತೇ ಇಲ್ಲ. ಮಗು ಹೆದ್ರುಕೊಂಡು ಏನೋ ಹೇಳ್ತೈತೆ."

ಅಪ್ಪ ಸುಳ್ಳು ಹೇಳಿದ್ದನ್ನು ನಾನು ಅದುವರೆಗೂ ನೋಡಿರಲಿಲ್ಲ. ಅವನಿಗೆ ಹೇಳಲು ಬರುವುದೂ ಇಲ್ಲ, ಕಿವಿ ಕೆಂಪಾಗಿತ್ತು. ಆದರೆ ನೋಡಿ, ಆ ಒಂದು ಮಾತಿನಿಂದ ನನ್ನ ಅರ್ಜಿ ಮತ್ತೆ ಜೀವ ಪಡೆಯಿತು. ನಾನು ಸುಮ್ಮನಿದ್ದರೆ ಸಾಕಿತ್ತು. ಹುಡುಗಿ ಗಾಬರಿಯಾಗಿದ್ದಾಳೆ ಎಂದುಕೊಳ್ಳುತ್ತಿದ್ದರು, ಬೇರೆ ಎರಡು ಪ್ರಶ್ನೆ ಕೇಳಿ ಕಳಿಸುತ್ತಿದ್ದರು, ಬೇಸಿಗೆಗೆ ನಾನು ಬೆಂಗಳೂರಿನಲ್ಲಿರುತ್ತಿದ್ದೆ. ಮಾತಾಡಿದರೆ, ಮೂವರು ಅಪರಿಚಿತರ ಮುಂದೆ ಅಪ್ಪನನ್ನು ಸುಳ್ಳುಗಾರ ಎಂದ ಹಾಗೆ. ಯಾರ ಮಾತು ನಂಬಬೇಕು ಎಂದು ಮೇಡಂ ಮೆಲ್ಲಗೆ ಕೇಳಿದರು. ಫ್ಯಾನು ಕಿರ್ರೆನ್ನುತ್ತ ತಿರುಗುತ್ತಿತ್ತು. ಅಪ್ಪ ನನ್ನ ಕಡೆ ನೋಡುತ್ತ, ಬೇಡ ಎನ್ನುವಂತೆ ತಲೆಯನ್ನು ಒಂದಿಷ್ಟೇ ಅಲ್ಲಾಡಿಸಿದ.

"ನನ್ನ ಮಾತು ಮೇಡಂ," ಎಂದೆ. "ಅಪ್ಪ ನನಗೋಸ್ಕರ ಹಂಗೆ ಹೇಳ್ತಾ ಇದಾರೆ."

ಅಪ್ಪ ತಲೆ ತಗ್ಗಿಸಿದ. ಯಾರೂ ಬಯ್ಯಲಿಲ್ಲ. ಮೇಡಂ ಇಬ್ಬರಿಗೂ ಕೂರಲು ಹೇಳಿದರು, ಮುಂದಿನ ವರ್ಷ ಇದನ್ನೇ ಮತ್ತೆ ಮಾಡಿ ನೋಡು, ಒಳ್ಳೆಯ ಪ್ರಶ್ನೆ ಎಂದರು. ಮುಂದಿನ ವರ್ಷ ನಾನು ಹತ್ತನೇ ಕ್ಲಾಸಿನಲ್ಲಿರುತ್ತೇನೆ ಎಂದು ನಾನು ಹೇಳಲಿಲ್ಲ. ವಾಪಸು ರೈಲಿನಲ್ಲಿ ಅಪ್ಪ ಚೀಲವನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡು ಕೂತ. ಗುಬ್ಬಿ ಬರುವ ಹೊತ್ತಿಗೆ ಸೀಟಿಗೊರಗಿ ಕಣ್ಣು ಮುಚ್ಚಿಕೊಂಡ. ನನ್ನ ಮುಖ ನೋಡಲಾರದೆ ಮುಚ್ಚಿಕೊಂಡಿದ್ದಾನೆ ಎಂದು ನಾನು ಕಿಟಕಿಯ ಕಡೆ ತಿರುಗಿ ಅತ್ತೆ. ಆಯ್ಕೆಯಾದವರಲ್ಲಿ ನನ್ನ ಹೆಸರು ಇರಲಿಲ್ಲ.

ಆ ವರ್ಷ ಅಪ್ಪ ತಾನೇ ನೀಲಿ ಪೇಂಟಿನಲ್ಲಿ ನಂಬರ್ ಬರೆದು ಕಾಯಿಗಳನ್ನು ಎರಡೂ ಅಟ್ಟಕ್ಕೆ ಏರಿಸಿದ. ಏಣಿಯನ್ನು ತೆಗೆದು ಕೊಟ್ಟಿಗೆಯಲ್ಲಿ ಮಲಗಿಸಿದ. ಮಳೆಗಾಲದಲ್ಲಿ ಸಾಮಾನು ಕೋಣೆಯ ಕಡೆಯಿಂದ ವಾಸನೆ ಇಳಿಯತೊಡಗಿತು. ಅಜ್ಜಿ ಮೂಗಿಗೆ ಸೆರಗು ಹಿಡಿದು ಬಯ್ದಳು. ಊಟಕ್ಕೆ ಕೂತವರು ಎದ್ದುಹೋಗುವಷ್ಟಾಯಿತು. ಅಪ್ಪ ಕೂತಲ್ಲೇ ಚಡಪಡಿಸುತ್ತಿದ್ದ, ಅಟ್ಟದ ಕಡೆ ನೋಡುತ್ತಿದ್ದ, ಆದರೆ ಹತ್ತಲಿಲ್ಲ. ಯಾರನ್ನೂ ಹತ್ತಲು ಬಿಡಲಿಲ್ಲ. ನನ್ನ ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿದ ಮೇಲೆ ಎಲ್ಲವನ್ನೂ ಇಳಿಸಿ ಅಂಗಳದಲ್ಲಿ ಸಾಲಾಗಿ ಇಟ್ಟು ನನ್ನನ್ನು ಕರೆದ. ಬಚ್ಚಲ ಕಡೆಯವು ಹೆಚ್ಚುಕಮ್ಮಿ ಎಲ್ಲ ಚೆನ್ನಾಗಿದ್ದವು. ಸಾಮಾನು ಕೋಣೆಯವು ಬಹಳಷ್ಟು ಕೆಟ್ಟಿದ್ದವು. ಅಜ್ಜಿ ಬಂದು ನೋಡಿ, ಬಹಳ ನಿಧಾನವಾಗಿ ಒಳಗೆ ಹೋದಳು. ಗೆದ್ದವರು ಅಷ್ಟು ನಿಧಾನವಾಗಿ ನಡೆಯಬಾರದು.

"ಈಗ ಕಳ್ಸಬೋದಾ?" ಎಂದ ಅಪ್ಪ.

ಈಗ ನಾನು ಆ ಕ್ಲಾಸಲ್ಲಿ ಇಲ್ಲಪ್ಪ ಎಂದೆ. ಅವನು ಹೂಂ ಎಂದು ಕೆಟ್ಟ ಕಾಯಿಗಳನ್ನು ಕುಕ್ಕೆಗೆ ತುಂಬತೊಡಗಿದ.

ಮುಂದೆ ಓದಿದೆ, ಮೈಕ್ರೋಸ್ಕೋಪಿಗೂ ಕಣ್ಣಿಟ್ಟೆ, ಅದೇನೂ ದೊಡ್ಡ ವಿಷಯವಾಗಲಿಲ್ಲ. ಆದರೆ ಆ ಕೋಣೆಯ ಮಾತನ್ನು ನಾವಿಬ್ಬರೂ ಮತ್ತೆ ಎತ್ತಲಿಲ್ಲ. ಹೊರಗಿನವರ ಮುಂದೆ ಅಪ್ಪನ ಮರ್ಯಾದೆ ತೆಗೆದೆ, ಅವನು ಅದನ್ನು ನುಂಗಿಕೊಂಡಿದ್ದಾನೆ ಎಂದು ನಾನೂ ನುಂಗಿಕೊಂಡಿದ್ದೆ. ಇವತ್ತು ಬೆಳಿಗ್ಗೆ, ಅದೇನು ಧೈರ್ಯವೋ, ತಟ್ಟೆ ಪಕ್ಕಕ್ಕಿಟ್ಟು ನಿಟ್ಟೂರಿಗೆ ಫೋನ್ ಮಾಡಿದೆ. ಅವತ್ತು ತುಮಕೂರಿನಲ್ಲಿ ಅಟ್ಟ ಹತ್ತೇ ಇಲ್ಲ ಎಂದೆಯಲ್ಲ, ಯಾಕಪ್ಪ ಹಾಗೆ ಹೇಳಿದೆ ಎಂದು ಕೇಳಿದೆ. ಯಾವತ್ತು ಎಂದು ಅವನು ಕೇಳಲಿಲ್ಲ.

"ನಿನ್ ಮಕ ನೋಡ್ದೆ. ಹೂಂ ಅಂದ್ರೆ ನಿನ್ನ ಮನೆಗ್ ಕಳಿಸ್ತಾರೆ ಅನ್ನಿಸ್ತು. ಸುಳ್ಳಾದ್ರೆ ನಂದಾಗ್ಲಿ ಬುಡು, ನಾನೇನ್ ಅಲ್ಲಿ ಓದ್ಬೇಕಾ ಅನ್ಕಂಡೆ."

ಬೇಜಾರಾಗಿತ್ತಾ ಅಪ್ಪ, ನಾನು ಹಾಗೆ ಅಂದಾಗ, ಎಂದೆ.

"ಆಗ್ದೆ ಇರ್ತದಾ? ಆಯ್ತು. ರೈಲ್ ಹತ್ತಿ ಕೂತ್ಮೇಲೆ ಯೋಚ್ನೆ ಮಾಡ್ದೆ. ಇವ್ಳು ಅಪ್ಪನ್ ಮುಖಕ್ಕೇ ಹೆದ್ರುಲಿಲ್ಲ, ಇನ್ನು ಯಾರ್ ಮುಂದೆ ಬೇಕಾದ್ರೂ ಬದುಕ್ತಾಳೆ ಅನ್ನಿಸ್ತು. ಹಿಂದಿನ್ ದಿನದಿಂದ ಒಂದೇ ಟೆನ್ಷನ್ನು ನೋಡು, ಹಂಗ್ ಅನ್ನಿಸಿದ್ದೇ ತಡ ನಿದ್ದೆ ಬಂದ್ಬುಡ್ತು ಕಣವ್ವ. ನಿಟ್ಟೂರಲ್ಲಿ ನೀನೇ ಅಲ್ವಾ ಎಬ್ಬಿಸಿದ್ದು."

ಹೌದು, ನಾನೇ ಎಬ್ಬಿಸಿದ್ದೆ. ಭುಜ ಹಿಡಿದು ಎರಡು ಮೂರು ಸಲ ಅಲ್ಲಾಡಿಸಬೇಕಾಗಿತ್ತು. ಗಮನಿಸುವುದನ್ನು ಮಕ್ಕಳಿಗೆ ಕಲಿಸುವ ನಾನು, ಆ ಮುಚ್ಚಿದ ಕಣ್ಣುಗಳನ್ನು ನೆನೆದು ಇಷ್ಟು ವರ್ಷ ಎಷ್ಟು ಸಲ ಅತ್ತಿದ್ದೇನೋ. ಅಪ್ಪ ನಿದ್ದೆ ಮಾಡುತ್ತಿದ್ದ.