ಕಲ್ಲವ್ವನಿಗೆ ಎರೆದ ನೀರು

ನಮ್ಮ ಓಣಿಯ ಶೈಲಾ ಈಗ ಹತ್ತನೆಯ ತರಗತಿ. ಬೆಳಿಗ್ಗೆ ಬಸ್ಸು ಹತ್ತಿ ಸಂಶಿಯ ಹೈಸ್ಕೂಲಿಗೆ ಹೋಗುತ್ತಾಳೆ, ಸಂಜೆ ಅದೇ ಬಸ್ಸಿಗೆ ತಿರುಗಿ ಬರುತ್ತಾಳೆ. ಬಸ್ಸಿನಿಂದ ಇಳಿದವಳು ನೇರವಾಗಿ ಮನೆ ಸೇರಿದ್ದನ್ನು ನಾನು ಕಂಡಿಲ್ಲ. ಯಾರಾದರೊಬ್ಬ ಮುದುಕಿ ಗುಳಿಗೆಯ ಚೀಲ ಹಿಡಿದು ಕಟ್ಟೆಯ ಮೇಲೆ ಕಾದಿರುತ್ತಾಳೆ. ಯಾವುದು ಊಟಕ್ಕೆ ಮೊದಲು, ಯಾವುದು ಊಟದ ಮೇಲೆ ಎಂದು ಶೈಲಾ ಓದಿ ಹೇಳಬೇಕು. ಹೇಳಿದ್ದನ್ನು ಮರೆಯುತ್ತಾರೆಂದು ಅವಳೊಂದು ಉಪಾಯ ಮಾಡಿದ್ದಾಳೆ. ಊಟಕ್ಕೆ ಮೊದಲು ನುಂಗುವ ಗುಳಿಗೆಯ ಹಾಳೆಗೆ ಕೆಂಪು ದಾರ ಕಟ್ಟಿ ಕೊಡುತ್ತಾಳೆ. ನಮ್ಮ ಓಣಿಯಲ್ಲಿ ಕೆಂಪು ದಾರವೆಂದರೆ ಈಗ ಎಲ್ಲರಿಗೂ ತಿಳಿಯುತ್ತದೆ.

ಭಾನುವಾರ ಪಂಚಾಯ್ತಿಯ ಗ್ರಂಥಾಲಯದಲ್ಲಿ ಸಣ್ಣ ಮಕ್ಕಳನ್ನು ಕೂಡಿಸಿಕೊಂಡು ಓದಿಸುತ್ತಾಳೆ. ನಾನೂ ಅಲ್ಲಿಗೆ ಓದಲು ಹೋಗುತ್ತೇನೆ. ಅಲ್ಲಿನ ಒಂದು ಹಳೆಯ ಪುಸ್ತಕದಲ್ಲಿ ನಮ್ಮ ಅಕ್ಷರಗಳು ಕಾಲಕಾಲಕ್ಕೆ ಹೇಗೆ ರೂಪ ಬದಲಿಸುತ್ತ ಬಂದವೆಂಬ ಚಿತ್ರಪಟವಿತ್ತು. ಬೇರೆಯವರು ಅದನ್ನು ದಾಟಿ ಮುಂದಿನ ಪುಟಕ್ಕೆ ಹೋಗುತ್ತಿದ್ದರು. ಶೈಲಾ ಅಲ್ಲಿಯೇ ನಿಂತಳು. ಸಾವಿರ ವರ್ಷದ ಹಿಂದಿನ ‘ಅ’ ಹೀಗಿತ್ತು, ‘ಕ’ ಹೀಗಿತ್ತು ಎಂದು ಬರೆದು ಬರೆದು, ಕಡೆಗೆ ಆ ಲಿಪಿಯನ್ನೇ ಕಲಿತಳು. ಮಕ್ಕಳಿಗೂ ಅವರವರ ಹೆಸರನ್ನು ಹಳೆಯ ಅಕ್ಷರದಲ್ಲಿ ಬರೆಯುವುದನ್ನು ಕಲಿಸಿದಳು. ಮಕ್ಕಳು ಕೇಳಬೇಕಲ್ಲ, ಇದ್ದಿಲು ತಂದು ಊರವರ ಹೆಸರನ್ನೆಲ್ಲ ಪಂಚಾಯ್ತಿಯ ಗೋಡೆಯ ತುಂಬ ಬರೆದರು.

ಊರಿಗೆ ನೀರು ಬಿಡುವ ಮುದಕಪ್ಪ ಅದನ್ನು ಕಂಡು ಹೌಹಾರಿದ. “ಯಾವ ಮಾಟದ ಅಕ್ಷರಲೇ ಇವು? ಪಂಚಾಯ್ತಿಗೆ ಮಾಟಾ ಮಾಡಸೀರೇನು?”

“ಕಾಕಾ, ಈ ಮೂಲ್ಯಾಗಿಂದು ನಿಮ್ಮ ಹೆಸರರೀ” ಎಂದಳು ಶೈಲಾ. “ಸಾವಿರ ವರ್ಷದ ಹಿಂದ ನೀವಿದ್ದಿದ್ರ ಹಿಂಗ ಬರೀತಿದ್ರು.”

ಮುದಕಪ್ಪ ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ, “ಉಳದದ್ದೆಲ್ಲಾ ಅಳಸ್ರಿ. ಇದೊಂದು ಇರಲಿ” ಎಂದು ಹೇಳಿ ಹೋದ. ಅದು ಇನ್ನೂ ಇದೆ.

ಶೈಲಾಗೆ ಮುಂದೆ ಧಾರವಾಡದಲ್ಲಿ ಇತಿಹಾಸ ಓದಬೇಕು, ಊರೂರು ತಿರುಗಿ ಕಲ್ಲಿನ ಬರಹ ಓದಬೇಕು ಎಂಬ ಆಸೆ. ಅವಳ ಅಪ್ಪ ಸಿದ್ಧಾರೂಢನಿಗೆ ಮಗಳು ಸಾಯನ್ಸ್ ತೆಗೆದುಕೊಳ್ಳಲಿ ಎಂದು.

“ಕಲ್ಲು ಓದಿದವ್ರಿಗೆ ಯಾರವ್ವಾ ಕೆಲಸಾ ಕೊಡ್ತಾರ?” ಎಂದು ಅವನು ಕೇಳಿದರೆ, “ಯಾರೂ ಓದದ ಕಲ್ಲು ಊರಿಗೊಂದು ಅದಾವ ಅಪ್ಪಾ, ಕೆಲಸಕ್ಕೇನ್ ಕಡಿಮಿ?” ಎಂದು ಇವಳು.

ಓದದ ಕಲ್ಲು ನಮ್ಮೂರಿನಲ್ಲೂ ಒಂದಿತ್ತು. ಕೆರೆಯ ದಂಡೆಯಲ್ಲಿ ಬೇವಿನ ಮರದ ಕೆಳಗೆ ಸೊಂಟದೆತ್ತರ ನಿಂತಿರುವ ಅದನ್ನು ನಾವು ಕಲ್ಲವ್ವ ಎನ್ನುತ್ತೇವೆ. ಹರಕೆ ಹೊತ್ತವರು ಅಮಾವಾಸ್ಯೆಗೆ ಹೋಗಿ ಕುಸುಬಿ ಎಣ್ಣೆ ಹಚ್ಚಿ ಬರುತ್ತೇವೆ. ಕುಸುಬಿ ಎಣ್ಣೆ ಒಣಗಿದರೆ ಅಂಟಿನಂತೆ ಗಟ್ಟಿಯಾಗುತ್ತದೆ. ಪದರದ ಮೇಲೆ ಪದರ ಕೂತು ಕಲ್ಲವ್ವನ ಮೈ ಕರ್ರಗೆ, ನುಣ್ಣಗೆ, ಹೊಸ ಬಾಣಲೆಯಂತೆ ಹೊಳೆಯುತ್ತಿತ್ತು. ಮೇಲ್ಭಾಗದಲ್ಲಿ ಎರಡು ಉಬ್ಬು ಕೈಗೆ ಹತ್ತುತ್ತಿದ್ದವು. ಅವು ತಾಯಿಯ ಕಣ್ಣು ಎಂದು ನಾವು ಕುಂಕುಮ ಇಡುತ್ತಿದ್ದೆವು.

ಹೋದ ಮಳೆಗಾಲದಲ್ಲಿ ಯಾರದೋ ಆಡು ಬಂದು ಅದಕ್ಕೆ ಮೈ ತಿಕ್ಕಿಕೊಂಡಿತು. ಬುಡದಲ್ಲಿ ಅಂಗೈಯಗಲ ಎಣ್ಣೆಯ ಪದರ ಕಿತ್ತು ಬಂತು. ಶೈಲಾ ಬಗ್ಗಿ ನೋಡಿದರೆ ಅಲ್ಲೊಂದು ಅಕ್ಷರ. ಪುಸ್ತಕದಲ್ಲಿ ನೋಡಿ ನೋಡಿ ಕಲಿತಿದ್ದ ಅದೇ ‘ಗ’. ಅದರ ಪಕ್ಕದ ಅಕ್ಷರ ಅರ್ಧದಷ್ಟು ಎಣ್ಣೆಯೊಳಗೆ ಅಡಗಿತ್ತು. ಹುಡುಗಿ ಓಡುತ್ತ ಮನೆಗೆ ಬಂದಳು. ಅವಳ ಅಜ್ಜಿ ಕಸ್ತೂರೆವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಮಜ್ಜಿಗೆ ಕೇಳಲು ಹೋದವಳು ಅಲ್ಲಿಯೇ ಕುಳಿತಿದ್ದೆ.

“ಆಯಿ, ಕಲ್ಲವ್ವನ ಮೈಮ್ಯಾಲೆ ಅಕ್ಷರ ಅದಾವು!”

“ಇರಲಿ ಬಿಡು. ದೇವರ ಮೈಮ್ಯಾಲೆ ಏನಿಲ್ಲ?”

“ಎಣ್ಣಿ ತಗದ್ರ ಪೂರಾ ಓದಬಹುದು ಬೇ. ಇಲ್ಲೀತನಾ ಯಾರೂ ಓದಿಲ್ಲ.”

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. “ಆ ಎಣ್ಣಿ ಯಾರದು ಗೊತ್ತೈತೇನ ನಿನಗ?” ಎಂದಳು ಕಸ್ತೂರೆವ್ವ.

ಶೈಲಾಗೆ ಗೊತ್ತಿತ್ತು, ಓಣಿಗೆಲ್ಲ ಗೊತ್ತಿತ್ತು. ಶೈಲಾ ದಿನ ತುಂಬುವ ಮೊದಲೇ ಹುಟ್ಟಿದ ಕೂಸು. ಉಳಿಯುವುದು ಕಷ್ಟವೆಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ ದಿನ ಕಸ್ತೂರೆವ್ವ ಆಸ್ಪತ್ರೆಯಿಂದ ನೇರವಾಗಿ ಬಂದು ಕಲ್ಲವ್ವನ ಮುಂದೆ ಸೆರಗೊಡ್ಡಿದ್ದಳು. ಕೂಸು ಉಳಿದರೆ, ತನ್ನ ಜೀವ ಇರುವ ತನಕ ಪ್ರತಿ ಅಮಾವಾಸ್ಯೆಗೆ ಎಣ್ಣೆ ಎಂದು ಹರಕೆ ಹೊತ್ತಳು. ಕೂಸು ಉಳಿಯಿತು. ಜ್ವರ ಬಂದು ಮಲಗಿದಾಗಲೂ ಕಸ್ತೂರೆವ್ವ ಒಂದು ಅಮಾವಾಸ್ಯೆ ತಪ್ಪಿಸಲಿಲ್ಲ.

“ಒಂದೊಂದು ಪದರಿನ್ಯಾಗ ನಿನ್ನ ಆಯುಷ್ಯ ಐತಿ” ಎಂದಳು. “ಅದನ್ನ ತಿಕ್ಕಿ ತಗೀತೀನಿ ಅಂತಿಯಲ್ಲ, ಬುದ್ಧಿ ಐತೋ ಇಲ್ಲೋ? ಇನ್ನೊಮ್ಮೆ ಈ ಮಾತು ತಗೀಬ್ಯಾಡ.”

ಆಮೇಲೆ ಶೈಲಾ ನನ್ನ ಮನೆಗೆ ಬಂದು ಹೊಸ್ತಿಲ ಮೇಲೆ ಕುಳಿತಳು. “ಚಿಗವ್ವ, ಓದಬೇಕಂತ ಜೀವಾ ತುಡೀತೈತಿ. ಆದ್ರ ಆಯಿ ಅಂಜತಾಳ. ಅಕಿ ಅಂಜಿಕೊಂಡು ಕುಂತಾಗ ನಾ ಹ್ಯಾಂಗ ಓದ್ಲಿ?” ಅವಳ ಎರಡು ಮಾತೂ ಖರೆ ಇದ್ದವು.

ಅವಳ ಗೆಳತಿ ದುರ್ಗಾ ಬೇರೆ ದಾರಿ ತೋರಿಸಿದಳು. ದುರ್ಗಾಳ ಅಣ್ಣ ಬಣ್ಣ ಹಚ್ಚುವ ಕೆಲಸದವನು. “ನಮ್ಮಣ್ಣನ ಡಬ್ಬಿ ಬಾಜೂಕ ಥಿನ್ನರ್ ಬಾಟ್ಲಿ ಐತಿ. ಚಿಂದಿ ತೋಯಿಸಿ ತಿಕ್ಕಿದ್ರ ಖಲಾಸ್. ಆಯಿಗೆ ಯಾಕ ಹೇಳ್ತಿ?”

“ಅಮಾಸಿಗೆ ಹೋದಾಗ ಅಕಿ ನೋಡಂಗಿಲ್ಲೇನು?”

“ಆಡು ತಿಂತು ಅನ್ನು.”

ಇಬ್ಬರೂ ಬಿದ್ದು ಬಿದ್ದು ನಕ್ಕರು. ಆದರೆ ಶೈಲಾ ಥಿನ್ನರ್ ಮುಟ್ಟಲಿಲ್ಲ. ಕಲ್ಲಿಗೂ ಅದು ಒಳ್ಳೆಯದಲ್ಲ, ಆಯಿಗೂ ಅಲ್ಲ ಎಂದಳು.

ಶಾಲೆಯಲ್ಲಿ ಇತಿಹಾಸ ಕಲಿಸುವ ಮುಬಶಿರಾ ಟೀಚರ್ ಈ ಸಂಗತಿ ಕೇಳಿ, ಒಂದು ಶನಿವಾರ ತಾವೇ ಬಂದರು. ಪರಂಪರೆ, ಶಾಸನ, ಊರಿನ ಹೆಮ್ಮೆ ಎಂದು ಬಹಳ ಚೆಂದಾಗಿ ತಿಳಿಸಿ ಹೇಳಿದರು. ಕಸ್ತೂರೆವ್ವ ತಾಟಿನಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಹಾಕಿಟ್ಟು ಎದುರಿಗೆ ಕುಳಿತು ಪೂರಾ ಕೇಳಿದಳು.

“ಟೀಚರ್ರ, ನಿಮ್ಮ ಮಾತು ಅಗದೀ ಬರೋಬ್ಬರಿ ಐತ್ರಿ” ಎಂದಳು. “ಇನ್ನೊಂದು ರೊಟ್ಟಿ ಹಾಕ್ಕೊರ್ರಿ.”

“ಹಂಗಾದ್ರ ಎಣ್ಣಿ ತಗಿಯೂಣೇನ್ರಿ ಅಮ್ಮಾ?”

“ಇಲ್ರಿ. ಮಸರು ಹಾಕ್ಲೇನ್ರಿ?”

ಟೀಚರು ಸೋತು ನಕ್ಕರು, ಮೊಸರನ್ನೂ ಹಾಕಿಸಿಕೊಂಡರು. ಹೋಗುವಾಗ ಶೈಲಾಳ ಭುಜ ಮುಟ್ಟಿ, “ಕಲ್ಲು ಇಷ್ಟು ದಿವಸ ಕಾದೈತಿ, ಇನ್ನಷ್ಟು ಕಾಯತೈತಿ” ಎಂದರು. ಶೈಲಾ ಗೋಣು ಹಾಕಿದಳು. ಅಂದಿನಿಂದ ಅವಳು ಕಲ್ಲಿನ ಮಾತು ಎತ್ತಲಿಲ್ಲ. ಸಂಜೆ ಕೆರೆಯ ದಂಡೆಗೆ ಹೋಗಿ ಆ ಒಂದು ‘ಗ’ವನ್ನು ಬೆರಳಿನಿಂದ ಸವರಿ ಬರುತ್ತಿದ್ದಳು, ಅಷ್ಟೇ.

ದೀಪಾವಳಿ ಬಂತು. ಕಸ್ತೂರೆವ್ವನ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಓಣಿಯಲ್ಲಿ ಕೂಸಿಗೆ, ಬಾಣಂತಿಗೆ ಎರೆಯಬೇಕಾದರೆ ಕಸ್ತೂರೆವ್ವನನ್ನೇ ಕರೆಯುತ್ತಾರೆ. ಎಣ್ಣೆ ಹಚ್ಚಿ ತಿಕ್ಕಿ ಬಿಸಿನೀರು ಹಾಕಿದರೆ ಅಳುವ ಕೂಸು ಅವಳ ಕಾಲ ಮೇಲೆಯೇ ನಿದ್ದೆ ಹೋಗುತ್ತದೆ. ನರಕ ಚತುರ್ದಶಿಯ ಬೆಳಿಗ್ಗೆ ಅವಳು ಮೊಮ್ಮಗಳನ್ನು ಮಣೆಯ ಮೇಲೆ ಕೂಡಿಸಿಕೊಂಡು ನೆತ್ತಿಗೆ ಎಣ್ಣೆ ತಟ್ಟುತ್ತಿದ್ದಳು. ಇದನ್ನು ಆಮೇಲೆ ಅವಳೇ ನನಗೆ ಹೇಳಿದ್ದು.

“ಸಾಕು ಆಯಿ, ನೀರ ಹಾಕು. ಥಂಡಿ ಹತ್ತೇತಿ” ಎಂದಳಂತೆ ಹುಡುಗಿ.

“ತಡಿ, ಎಣ್ಣಿ ಇಳೀಲಿ.”

“ಹಂಗಾರ ಎರೀಬ್ಯಾಡ, ಹಿಂಗ ಬಿಟ್ಟಬಿಡು. ಹೋಗಿ ಕಲ್ಲವ್ವನ ಬಾಜೂಕ ನಿಂತ್ಕೋತೀನಿ.”

ಶೈಲಾ ಚೇಷ್ಟೆಗೆ ಅಂದದ್ದು. ಕಸ್ತೂರೆವ್ವನ ಕೈ ನೆತ್ತಿಯ ಮೇಲೆಯೇ ನಿಂತಿತು. “ಏನಂದಿ?” ಎಂದಳು. “ಏನಿಲ್ಲ ಬೇ, ಚ್ಯಾಷ್ಟಿ ಮಾಡಿದೆ” ಎಂದಳು ಹುಡುಗಿ. ಅಜ್ಜಿ ತಂಬಿಗೆ ಎತ್ತಿ ನೀರು ಹಾಕಿದಳು.

ಮರುದಿನ ಅಮಾವಾಸ್ಯೆ. ಬಿಸಿಲೇರುವ ಹೊತ್ತಿಗೆ ಕಸ್ತೂರೆವ್ವ ನನ್ನ ಬಾಗಿಲಿಗೆ ಬಂದಳು. ಕಂಕುಳಲ್ಲಿ ಹೊಗೆಯಾಡುವ ಬಿಸಿನೀರಿನ ಕೊಡ, ಕೈಯಲ್ಲಿ ಸೀಗೇಕಾಯಿ ಪುಡಿ ಕಲಸಿದ ಕಡಲೆಹಿಟ್ಟು. ಹಿಂದೆ ಇನ್ನೊಂದು ಕೊಡ ಹೊತ್ತು ಶೈಲಾ, ಏನೂ ತಿಳಿಯದವಳಂತೆ ನನ್ನ ಮುಖ ನೋಡುತ್ತಿದ್ದಳು.

“ನಡೀ ತಂಗೀ, ಹೋಗೂಣು” ಎಂದಳು ಕಸ್ತೂರೆವ್ವ. “ಆಕಳಿಗೆ ಎರದೆ, ಊರಾಗಿನ ಕೂಸುಗಳಿಗೆಲ್ಲಾ ಎರದೆ. ಆ ತಾಯಿಗೆ ಬರೇ ಎಣ್ಣಿ ಹಚ್ಚಿ ಹಚ್ಚಿ ಬಂದೆ, ಒಂದು ತಂಬಿಗಿ ನೀರ ಹಾಕಲಿಲ್ಲ. ಮೈ ಎಷ್ಟು ಕಡದಿರಬೇಕು ಅಕಿಗೆ!”

ನಾನು ಮೆಲ್ಲಗೆ, “ಯಕ್ಕಾ, ಹರಕಿ?” ಎಂದೆ.

ಅವಳು ಹೆಜ್ಜೆ ನಿಲ್ಲಿಸಲಿಲ್ಲ. “ರಾತ್ರೆಲ್ಲಾ ಅದನ್ನs ವಿಚಾರ ಮಾಡೀನಿ. ಎರದ್ರ ಕೂಸಿನ ಆಯುಷ್ಯ ಹೋಗತೈತೇನು? ಎರದಷ್ಟೂ ಬೆಳೀತೈತಿ.” ಹಾಗೆಂದಳಾದರೂ ದಾರಿಯುದ್ದಕ್ಕೂ ಶೈಲಾಳ ಕಡೆಗೆ ತಿರುತಿರುಗಿ ನೋಡುತ್ತಿದ್ದಳು. ಶಿವನೇ, ಈ ಮುದುಕಿಯ ಧೈರ್ಯವನ್ನು ಕಾಪಾಡು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಕಲ್ಲವ್ವನ ಬಳಿ ಶೈಲಾ ತಿಕ್ಕಲು ಮುಂದೆ ಬಂದರೆ ಅವಳು ಬಿಡಲಿಲ್ಲ. “ನೀ ನೀರ ಕೊಡು. ಎರಿಯೂದು ನನ್ನ ಕೆಲಸ” ಎಂದಳು. ಮೊದಲ ನೀರಿಗೆ ಏನೂ ಬಿಡಲಿಲ್ಲ. ಹಿಟ್ಟು ಮೆತ್ತಿ ನೆನೆಯಲು ಬಿಟ್ಟಳು. ಬಿಸಿನೀರು ಹಾಕಿ, ತೆಂಗಿನ ನಾರಿನಿಂದ ಮೆಲ್ಲಗೆ, ಕೂಸಿನ ಬೆನ್ನು ತಿಕ್ಕಿದಂತೆ ತಿಕ್ಕಿದಳು. ಕಿವಿ ಎಲ್ಲಿ, ಕತ್ತು ಎಲ್ಲಿ ಎಂದು ಅವಳಿಗಷ್ಟೇ ಗೊತ್ತಿದ್ದ ಹಾಗಿತ್ತು. ನಾವಿಬ್ಬರೂ ಮನೆಗೂ ಕೆರೆಗೂ ಓಡಾಡಿ ನೀರು ಕಾಸಿ ತಂದೆವು. ಎಣ್ಣೆಯ ಪದರ ಮೆತ್ತಗಾಗಿ ಸಿಪ್ಪೆಯಂತೆ ಬಿಡತೊಡಗಿತು. ಅದನ್ನು ಕೆಳಗೆ ಬೀಳಿಸದೆ ಕಸ್ತೂರೆವ್ವ ಒಂದು ಬುಟ್ಟಿಯಲ್ಲಿ ಕೂಡಿಹಾಕಿ, ಬೇವಿನ ಬುಡದಲ್ಲಿ ಕುಣಿ ತೋಡಿ ಮುಚ್ಚಿದಳು.

ಮೇಲ್ಭಾಗ ಮೊದಲು ಬಿಟ್ಟಿತು. ನಾವು ಕುಂಕುಮ ಇಡುತ್ತಿದ್ದ ಕಣ್ಣುಗಳು ಕಣ್ಣಾಗಿರಲಿಲ್ಲ. ಒಂದು ದುಂಡಗಿತ್ತು, ಇನ್ನೊಂದು ಬಾಗಿದ ಚಂದ್ರ. ನಡುವೆ ಪುಟ್ಟದೊಂದು ಲಿಂಗ, ಅದರ ಬದಿಗೆ ಕರುವಿಗೆ ಹಾಲೂಡಿಸುವ ಆಕಳು. ಶೈಲಾ ಅಜ್ಜಿಯ ಮುಖ ನೋಡಿ ಅಂಜಂಜುತ್ತ, “ಆಯಿ, ಇವು ಸೂರ್ಯ, ಚಂದ್ರ ಬೇ. ಕಣ್ಣಲ್ಲ” ಎಂದಳು.

“ತಾಯಿಗೆ ಸೂರ್ಯ ಚಂದ್ರನs ಕಣ್ಣು” ಎಂದಳು ಕಸ್ತೂರೆವ್ವ, ತಿಕ್ಕುವುದನ್ನು ನಿಲ್ಲಿಸದೆ. “ಮುಂದ ನೀರ ಹಾಕು.”

ಕಡೆಯ ಕೊಡ ಮುಗಿದ ಮೇಲೆ ಕಸ್ತೂರೆವ್ವ ಸೆರಗಿನಿಂದ ಕಲ್ಲನ್ನು ಒರೆಸಿದಳು. ಅಕ್ಷರಗಳ ಸಂದಿಯಲ್ಲಿ ಕಡಲೆಹಿಟ್ಟು ಉಳಿದುಕೊಂಡಿತ್ತು. ಕಪ್ಪು ಕಲ್ಲಿನ ಮೇಲೆ ಸಾಲು ಸಾಲಾಗಿ ಹಳದಿ ಅಕ್ಷರ, ಯಾರೋ ಈಗ ತಾನೇ ಬರೆದು ಎದ್ದು ಹೋದ ಹಾಗೆ.

ಶೈಲಾ ಮೊಣಕಾಲೂರಿ ಕುಳಿತಳು. ಮೇಲಿನ ಸಾಲುಗಳು ಸವೆದಿದ್ದವು. ಬುಡದ ಎರಡು ಸಾಲು ಗಟ್ಟಿ ಇದ್ದವು. ಬೆರಳಿಟ್ಟು ಒಂದೊಂದೇ ಕೂಡಿಸಿದಳು. ಎಣ್ಣೆಯೊಳಗೆ ಅಡಗಿದ್ದ ದೀರ್ಘ ಕೂಡಿ ಆ ‘ಗ’ ಈಗ ‘ಗಾ’ ಆಗಿತ್ತು, ಮುಂದಿನದು ‘ಣ’. “ಗಾಣ…” ಎಂದಳು. ಬಹಳ ಹೊತ್ತಿನ ಮೇಲೆ, “ದೀವಿಗೆ…” ಎಂದಳು. ಮತ್ತೆ ತಡವರಿಸಿ, “ಎಣ್ಣೆ” ಎಂದಳು.

“ಏನಂತೈತಿ? ಬಿಡಿಸಿ ಹೇಳು” ಎಂದಳು ಅಜ್ಜಿ. ತೋಯ್ದ ಸೀರೆಯಲ್ಲೇ ನಿಂತಿದ್ದಳು.

“ಇಲ್ಲೊಂದು ಗುಡಿ ಇದ್ದಿರಬೇಕು ಆಯಿ. ಅಲ್ಲೀ ದೀಪ ಆರಬಾರದು ಅಂತ ಗಾಣದವ್ರು ಎಣ್ಣಿ ಕೊಟ್ಟಾರ. ಅದನ್ನs ಬರಸ್ಯಾರ.”

“ದೀಪಕ್ಕ?” ಕಸ್ತೂರೆವ್ವ ಕಲ್ಲನ್ನೂ ಮೊಮ್ಮಗಳನ್ನೂ ನೋಡಿದಳು. “ಮೈಗೆ ಅಲ್ಲಾ?”

“ದೀಪಕ್ಕ ಬೇ.”

ಮುದುಕಿ ಬೇವಿನ ಬೇರಿನ ಮೇಲೆ ಕುಳಿತುಬಿಟ್ಟಳು. ಶೈಲಾಳ ಮುಖ ಸಣ್ಣದಾಯಿತು. ಓಡಿ ಬಂದು ಅಜ್ಜಿಯ ಕೈ ಹಿಡಿದುಕೊಂಡು, “ಗುಡಿ ಹೋತು, ಗಾಣ ಹೋತು, ಓದಾವ್ರೂ ಇಲ್ಲದಂಗಾತು. ಎಣ್ಣಿ ಮಾತ್ರ ತಪ್ಪಲಿಲ್ಲ ನೋಡು ಆಯಿ. ನೀವೆಲ್ಲಾ ತಂದಿರಲ್ಲ” ಎಂದಳು.

ಕಸ್ತೂರೆವ್ವ ತಿರುಗಿ ಕಲ್ಲಿನ ಆ ಎರಡು ಸಾಲನ್ನು ನೋಡಿದಳು. ಆಮೇಲೆ ಅವಳಿಗೆ ನಗು ಬಂತು. “ಪಾಪ, ಅಕೀ ದೀಪಾ ಹಚ್ಚು ಅಂತ ಒದರಿದ್ಲು, ನಾ ಬಾಯಿಗೇ ಎಣ್ಣಿ ಬಳದೆ” ಎಂದಳು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು. ನಾವೂ ನಕ್ಕೆವು. ಹರಕೆಗೆಂದು ತಂದಿದ್ದ ಆ ದಿನದ ಎಣ್ಣೆ ಬಟ್ಟಲಲ್ಲಿ ಹಾಗೆಯೇ ಇತ್ತು. ಅವಳು ಮನೆಯಿಂದ ಒಂದು ಪಣತಿ ತರಿಸಿ, ಎಣ್ಣೆಯನ್ನೆಲ್ಲ ಅದಕ್ಕೆ ಹಾಕಿ ಹಚ್ಚಿದಳು.

ಶೈಲಾ ತೆಗೆದ ಫೋಟೋಗಳನ್ನು ಮುಬಶಿರಾ ಟೀಚರ್ ಧಾರವಾಡದಲ್ಲಿ ಬಲ್ಲವರೊಬ್ಬರಿಗೆ ತೋರಿಸಿದರು. ಹುಡುಗಿ ಓದಿದ್ದು ಸರಿ ಇದೆ, ಮೇಲಿನ ಸಾಲುಗಳೂ ಬೇಕು ಎಂದು ಅವರು ಹೇಳಿ ಕಳಿಸಿದರು. ಸಿದ್ಧಾರೂಢ ಸಾಯನ್ಸಿನ ಮಾತನ್ನು ಪೂರಾ ಬಿಟ್ಟಿಲ್ಲ. ಆದರೆ ಅವನು ಬಾಯಿ ತೆಗೆದರೆ ಕಸ್ತೂರೆವ್ವ, “ಓದಲಿ ಬಿಡೋ. ಅಕಿ ಓದದs ಹೋಗಿದ್ರ ನಾ ಇನ್ನೂ ಬಳಕೋತನs ಇರ್ತಿದ್ದೆ” ಎನ್ನುತ್ತಾಳೆ.

ಮುಂದಿನ ಅಮಾವಾಸ್ಯೆಯ ಸಂಜೆ ನಾನೂ ಹೋಗಿದ್ದೆ. ಕಸ್ತೂರೆವ್ವ ಪಣತಿಯನ್ನು ಕಲ್ಲವ್ವನ ಎದುರಿಗೆ ಇಟ್ಟಳು. ಕೆರೆಯ ಗಾಳಿಗೆ ಅದು ಆರುವಂತಾಯಿತು. ಎತ್ತಿ ಕಲ್ಲಿನ ಮಗ್ಗುಲಿಗೆ, ಮರೆಯಲ್ಲಿ ಇಟ್ಟಳು. ಬೆಳಕು ಈಗ ಕಲ್ಲಿನ ಮೈಮೇಲೆ ಅಡ್ಡಲಾಗಿ ಹಾಯಿತು. ಹಗಲಲ್ಲಿ ಸವೆದು ಹೋಗಿವೆ ಎಂದುಕೊಂಡಿದ್ದ ಮೇಲಿನ ಸಾಲುಗಳಲ್ಲಿ ನೆರಳು ತುಂಬಿ, ಅಕ್ಷರದ ಗುರುತು ಎದ್ದು ಬಂತು.

“ಆಯಿ, ದೀಪ ಅಲ್ಲೇ ಇರಲಿ! ಅಲುಗಾಡಸಬ್ಯಾಡ!” ಎಂದು ಶೈಲಾ ನೆಲಕ್ಕೆ ಕುಳಿತಳು.

ಕಸ್ತೂರೆವ್ವ ಬಟ್ಟಲಲ್ಲಿ ಉಳಿದ ಎಣ್ಣೆಯನ್ನು ಪಣತಿಗೆ ಸುರುವಿ, ಗಾಳಿಗೆ ಸೆರಗು ಅಡ್ಡ ಹಿಡಿದು ಮೊಮ್ಮಗಳ ಪಕ್ಕದಲ್ಲೇ ಕುಳಿತಳು. “ಗಡಬಡಿ ಮಾಡಬ್ಯಾಡ, ಎಣ್ಣಿ ಭಾಳ ಐತಿ” ಎಂದಳು. “ಸಾವಕಾಶ ಓದು.”