ಕೆಂಬೂತ ತರದ ಬೇರು

ನಾಲೆಗೆ ನೀರು ಬಿಟ್ಟ ಸುದ್ದಿ ರೇಡಿಯೊಗಿಂತ ಮೊದಲು ಕಪ್ಪೆಗಳಿಂದ ತಿಳಿಯುತ್ತಿದ್ದ ಕಾಲ ಅದು. ಮಿರ್ಲೆಯಿಂದ ಎರಡು ಮೈಲಿ ಒಳಗಿದ್ದ ನಮ್ಮೂರಿನಲ್ಲಿ ನಾಟಿ ಶುರುವಾದರೆ ಯಾರಿಗೂ ಕೂರಲು ಪುರಸೊತ್ತಿರಲಿಲ್ಲ. ನಾನಾಗ ಆರನೇ ಕ್ಲಾಸು. ಶಾಲೆ ಬಿಟ್ಟ ಮೇಲೆ ನನ್ನ ಓರಗೆಯ ಹುಡುಗಿಯರೆಲ್ಲ ಕುಂಟೆಬಿಲ್ಲೆ ಆಡುತ್ತಿದ್ದರೆ, ನಾನು ನಮ್ಮ ಹಿತ್ತಿಲ ಬೇಲಿಯ ಲಂಟಾನದ ಮೆಳೆಯೊಳಗೆ ಬೋರಲು ಮಲಗಿ, ಒಂದು ಹಕ್ಕಿ ಬಾಯಲ್ಲಿ ಏನು ಕಚ್ಚಿಕೊಂಡು ಬರುತ್ತದೆ ಎಂದು ಕಾಯುತ್ತಿದ್ದೆ. ಆ ಮಳೆಗಾಲ ನೆನೆದರೆ ಇವತ್ತಿಗೂ ರೇಗುತ್ತದೆ. ಹಕ್ಕಿಯ ಮೇಲೆ, ಚಿಕ್ಕಪ್ಪನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೆ.

ಆದದ್ದಿಷ್ಟು. ಪೈರಿನ ಕಟ್ಟು ಹೊತ್ತು ಗದ್ದೆ ಬದುವಿನ ಮೇಲೆ ಬರುತ್ತಿದ್ದ ತಾತ ಜಾರಿ ಬಿದ್ದು ಮೊಣಕಾಲಿನ ಕೆಳಗೆ ಮೂಳೆ ಮುರಿದುಕೊಂಡರು. ಪಕ್ಕದೂರಿನಿಂದ ಮೂಳೆ ಕಟ್ಟುವವರೊಬ್ಬರು ಬಂದು ಬಿದಿರ ದಬ್ಬೆ ಇಟ್ಟು ಬಟ್ಟೆ ಕಟ್ಟಿ ಹೋದರು. ಅವ್ವ ಮಾತ್ರ ಮೊದಲ ದಿನವೇ, "ಕೆ.ಆರ್. ನಗರದ ಆಸ್ಪತ್ರೆಗೆ ಕರ್ಕೊಂಡೋಗನ" ಎಂದಳು. ತಾತನಿಗೆ ಆಸ್ಪತ್ರೆ ಎಂದರೆ ಕಾಲು ಕುಯ್ಯುವ ಜಾಗ. ಅಪ್ಪ ಬೀಚನಹಳ್ಳಿಯ ಅಣೆಕಟ್ಟೆಯಲ್ಲಿ ನೀರಾವರಿ ಕೆಲಸಕ್ಕಿದ್ದು ತಿಂಗಳಿಗೊಮ್ಮೆ ಬರುತ್ತಿದ್ದರು. ಹಾಗಾಗಿ ಮನೆಯಲ್ಲಿ ನಡೆಯುತ್ತಿದ್ದದ್ದು ಅಪ್ಪನ ತಮ್ಮ, ನಮ್ಮ ಮಹದೇವು ಚಿಕ್ಕಪ್ಪನ ಮಾತು.

"ಎಂಟು ದಿನ ಕೊಡಿ ಅತ್ಗೆಮ್ಮ. ನಮ್ಮ ಬೇಲೀಲೇ ರತ್ನಪಕ್ಷಿ ಮರಿ ಮಾಡದೆ. ಅದರ ಮರಿ ಕಾಲಿಗೆ ಕಬ್ಬಿಣ ಕಟ್ಟುದ್ರೆ, ತಾಯಿ ಕಾಡಿಗೋಗಿ ಸಂಜೀವಿನಿ ಬೇರು ತತ್ತದೆ. ಆ ಬೇರು ಮುಟ್ಟುದ್ರೆ ಕಬ್ಬಿಣವೇ ಕಳಚ್ಕತದೆ. ಅಂಥದ್ರಲ್ಲಿ ಮೂಳೆ ಕೂಡಾಕಿಲ್ವಾ?"

"ಕಬ್ಬಿಣ ಮುರಿಯೋ ಬೇರು ಮೂಳೆ ಎಂಗೆ ಕೂಡುಸ್ತದೆ ಮಾದೇವು?" ಎಂದು ಅವ್ವ ಕೇಳಿದಳು. ತಾತ, "ಅವನು ಏಳೋದ್ನೂ ನೋಡನ ಬುಡವ್ವ" ಎಂದುಬಿಟ್ಟರು.

ಚಿಕ್ಕಪ್ಪ ರತ್ನಪಕ್ಷಿ ಎನ್ನುತ್ತಿದ್ದದ್ದು ಕೆಂಬೂತವನ್ನು. ಕಾಗೆಯಷ್ಟು ದಪ್ಪ, ಕಪ್ಪು ಮೈ, ಇಟ್ಟಿಗೆ ಬಣ್ಣದ ರೆಕ್ಕೆ, ನಿದ್ದೆಗೆಟ್ಟವರ ಹಾಗೆ ಕೆಂಪು ಕಣ್ಣು. ಮೆಳೆಯೊಳಗಿಂದ ಊಪ್ ಊಪ್ ಎಂದು ಕೊಡ ಬಡಿದ ಹಾಗೆ ಕೂಗುತ್ತದೆ. ಕಬ್ಬಿನ ಒಣಗರಿಯನ್ನು ಉಂಡೆ ಸುತ್ತಿ, ಪಕ್ಕದಲ್ಲೊಂದು ಬಾಯಿ ಬಿಟ್ಟು ಗೂಡು ಕಟ್ಟಿತ್ತು. ಕೋಗಿಲೆಯ ಜಾತಿಗೆ ಸೇರಿದ್ದರೂ ಮೊಟ್ಟೆಯನ್ನು ಇನ್ನೊಬ್ಬರ ಗೂಡಿಗೆ ಸಾಗಿಹಾಕುವ ಹಕ್ಕಿಯಲ್ಲ ಇದು ಎಂದು ಆಮೇಲೆ ಓದಿ ತಿಳಿದೆ.

ಮೆಳೆಯೊಳಗೆ ನುಸುಳುವಷ್ಟು ಸಣ್ಣಗಿದ್ದವಳು ನಾನೊಬ್ಬಳೇ. ಕೈ ಹಾಕಿ ಒಂದು ಮರಿ ಈಚೆ ತೆಗೆದೆ. ಗೂಡಿನಲ್ಲಿ ಮೂರಿದ್ದವು, ಒಂದೊಂದು ಒಂದೊಂದು ಅಳತೆ. ಕರೀ ಚರ್ಮ, ಅದರ ಮೇಲೆ ಬಿಳೀ ದಾರದಂಥ ಕೂದಲು. ಚಿಕ್ಕಪ್ಪ ಕಟ್ಟುತಂತಿಯನ್ನು ಅದರ ಕಾಲಿಗೆ ಸುತ್ತುತ್ತಿದ್ದಂತೆ ಮರಿ ಹಿಂದಿನಿಂದ ಚಿರ್ರೆಂದು ಕರೀ ನೀರು ಹಾರಿಸಿತು. ಆ ನಾತ ಎರಡು ಸಲ ಸೋಪು ಹಾಕಿದರೂ ಅವರ ಅಂಗಿಯಿಂದ ಹೋಗಲಿಲ್ಲ. ನನಗೆ ನಗು ಬಂದಿತ್ತು. ಮರಿಗೆ ನೋವಾಗುತ್ತಿದೆ ಎನ್ನುವುದು ಆಗ ತಲೆಗೆ ಹೋಗಲಿಲ್ಲ.

ಮರಿಯನ್ನು ಗೂಡಿಗೆ ವಾಪಸ್ ಇಟ್ಟೆ. ಅಲ್ಲಿಂದ ನನ್ನ ಕಾವಲು. ಕೆಂಬೂತ ಗೂಡಿಗೆ ನೇರ ಹಾರಿ ಬರುವುದೇ ಇಲ್ಲ. ದೂರದಲ್ಲೆಲ್ಲೋ ಇಳಿದು, ಯಜಮಾನನ ಹಾಗೆ ನಿಧಾನ ನಡೆದು, ನಿಂತು, ಅತ್ತಿತ್ತ ನೋಡಿ, ಇನ್ನೇನು ಬಂತು ಎನ್ನುವಾಗ ಬೇರೆ ಕಡೆ ತಿರುಗಿಬಿಡುತ್ತಿತ್ತು. ಅಷ್ಟರಲ್ಲಿ ನನ್ನ ಕಾಲೆಲ್ಲ ಸೊಳ್ಳೆ ಕಡಿದು ದದ್ದು. ಹೊತ್ತು ಕಳೆಯಲು ಲಂಟಾನದ ಕರೀ ಹಣ್ಣು ತಿನ್ನುತ್ತಿದ್ದೆ. ನಾಲಿಗೆ ನೀಲಿಯಾಗಿ, ಕೈಗೆ ಅದರ ಎಲೆಯ ಘಾಟು ಅಂಟಿರುತ್ತಿತ್ತು.

ಸಂಜೆ ಜಗುಲಿಗೆ ಬಂದರೆ ಚಿಕ್ಕಪ್ಪನ ವಿಚಾರಣೆ.

"ಏನಮ್ಮಿ ಗಿರ್ಜಿ, ತಂತಾ?"

"ಬಸವನಹುಳ ತಂತು."

"ಬೇರು?"

"ಬರೀ ಬಸವನಹುಳ ಚಿಕ್ಕಪ್ಪ. ಆಮೇಲೆ ಮಿಡತೆ. ಆಮೇಲೆ ಒಂದು ಓತಿಕೇತ."

ನಮ್ಮದು ಲಿಂಗ ಕಟ್ಟಿದ ಮನೆ. ಮೊಟ್ಟೆಯ ಹೆಸರೂ ಒಳಗೆ ಬರುವಂತಿಲ್ಲ. ಅಂಥ ಮನೆಯಲ್ಲಿ ದಿನಾ ಸಂಜೆ ಓತಿಕೇತ, ಕಪ್ಪೆಮರಿ, ಒಂದು ದಿನ ಗೇಣುದ್ದದ ಹಾವಿನಮರಿ, ಹೀಗೆ ನನ್ನ ವರದಿ ಕೇಳಿ ಅವ್ವ, "ಸಂಜೀವಿನಿ ತರೋ ಮೊಕ ನೋಡು ಅದರದ್ದು! ಓಗಿ ಕೈಕಾಲು ತೊಳ್ಕಳೆ" ಎಂದು ರೇಗುತ್ತಿದ್ದಳು. ಚಿಕ್ಕಪ್ಪ ಮಾತ್ರ ನನ್ನನ್ನೇ ಬೈಯುತ್ತಿದ್ದರು. ನಾನು ಸರಿಯಾಗಿ ನೋಡುತ್ತಿಲ್ಲವಂತೆ. ಒಳಗೆ ಮಲಗಿದ್ದ ತಾತ ನಾನು ಬಂದ ಸದ್ದಿಗೆ ತಲೆ ಎತ್ತಿ, ಬಸವನಹುಳ ಎಂದ ಕೂಡಲೇ ಮತ್ತೆ ದಿಂಬಿಗೆ ಇಡುತ್ತಿದ್ದರು.

ಐದನೆಯ ದಿನ ಅವ್ವ ತಡೆಯಲಾರದೆ ಎದುರು ಮನೆಯವರ ಟೆಂಪೊ ಗೊತ್ತು ಮಾಡಿದಳು. ಮಾರನೆಯ ಬೆಳಿಗ್ಗೆ ಆಸ್ಪತ್ರೆಗೆ ಹೋಗುವುದೆಂದು ತೀರ್ಮಾನವಾಯಿತು. ಆ ಸಂಜೆಯೇ ಹಕ್ಕಿ ಎಲೆ ಸಮೇತ ಒಂದು ಹಸಿರು ಕಡ್ಡಿ ಕಚ್ಚಿಕೊಂಡು ಬಂದು ಗೂಡಿನೊಳಗೆ ಹಾಸಿತು. ಅದು ಹಸಿ ಎಲೆ ಹಾಸುವುದನ್ನು ಅದಕ್ಕೂ ಮುಂಚೆ ಎರಡು ಸಲ ಕಂಡಿದ್ದೆ. ಅದು ಬರೀ ಎಲೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

"ತಂತಾ?" ಎಂದರು ಚಿಕ್ಕಪ್ಪ. ಒಳಗೆ ತಾತ ತಲೆ ಎತ್ತಿದ್ದು ಕಾಣಿಸಿತು.

"ಬೇರು ಇದ್ದಂಗಿತ್ತು" ಎಂದೆ.

ಬೈಗುಳ ಕೇಳಿ ಸಾಕಾಗಿತ್ತೋ, ಮೆಳೆಯ ವಾಸ ಮುಗಿದರೆ ಸಾಕೆನಿಸಿತ್ತೋ, ತಾತನ ಮುಖ ನೋಡಿಯೋ, ಇವತ್ತಿಗೂ ಬಿಡಿಸಿ ಹೇಳಲಾರೆ. ತಾತ ಅಂದು ಬಸ್ಸಾರಿನಲ್ಲಿ ಎರಡು ಮುದ್ದೆ ಉಂಡರು. ಟೆಂಪೊ ಬೇಡವಾಯಿತು.

ಮರುದಿನ ಚಿಕ್ಕಪ್ಪ ನನ್ನ ಕೈಯಲ್ಲಿ ಗೂಡಿನ ಹಾಸೆಲ್ಲ ತೆಗೆಸಿದರು. ಬಾಡಿದ ಎಲೆ ಬಿಟ್ಟು ಏನೂ ಇರಲಿಲ್ಲ. "ತಾಯಿ ವಾಪಸ್ ತಕ್ಕೊಂಡೋಗಿ ಬಚ್ಚಿಟ್ಟದೆ. ಇನ್ನೂ ಮೂರು ದಿನ ಕಾಯನ" ಎಂದರು. ಮೂರು ದಿನದಲ್ಲಿ ತಾತನ ಕಾಲು ಊದಿ ಕಟ್ಟು ಬಿಗಿಯಿತು. ಜ್ವರ ಏರಿತು. ನನ್ನನ್ನು ನೋಡಿದರೆ ಆ ಜ್ವರದಲ್ಲೂ, "ಇನ್ನೊಂದ್ಸಲ ನೋಡು ಮಗಾ" ಎನ್ನುತ್ತಿದ್ದರು.

ಅದನ್ನು ತಡೆಯಲಾಗಲಿಲ್ಲ. ಅವ್ವ ಬಚ್ಚಲ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಹೋಗಿ ನಿಂತು, "ಅವ್ವ, ಅದು ಬೇರಲ್ಲ. ಎಲೆ. ನಾನು ಸುಳ್ಳೇಳ್ದೆ" ಎಂದೆ.

ಹೊಡೆಯುತ್ತಾಳೆಂದು ಕಣ್ಣು ಮುಚ್ಚಿದ್ದೆ. ಅವಳು ಒದ್ದೆ ಕೈಯಲ್ಲೇ ಎದುರು ಮನೆಗೆ ಹೋಗಿ ಟೆಂಪೊಗೆ ಹೇಳಿ ಬಂದಳು. ಜಗುಲಿಯಲ್ಲಿ ಅಡ್ಡ ನಿಂತ ಚಿಕ್ಕಪ್ಪನಿಗೆ, "ಮಾತಾಡ್ಬೇಡ ಮಾದೇವು. ತಲೆದಸಿ ಇಡ್ಕ, ಎತ್ತನ" ಎಂದಳು. ಅವಳ ಗಂಟಲಿನಲ್ಲಿ ಅಂಥ ಸ್ವರ ನಾವ್ಯಾರೂ ಕೇಳಿರಲಿಲ್ಲ. ಚಿಕ್ಕಪ್ಪ ತಲೆಯ ಕಡೆ ಹಿಡಿದು ಎತ್ತಿದರು. ಟೆಂಪೊ ಹತ್ತುವ ಮುನ್ನ ಅವ್ವ ನನ್ನ ಕಡೆ ತಿರುಗಿ, "ಓಗಿ ಆ ಮರಿ ತಂತಿ ಬಿಚ್ಚು" ಎಂದಳು. ಅಷ್ಟೇ.

ಬಿಚ್ಚಿದೆ. ತಂತಿ ಚರ್ಮಕ್ಕೆ ಕಚ್ಚಿಹೋಗಿ ಕಾಲು ನೇರಳೆಹಣ್ಣಿನ ಬಣ್ಣವಾಗಿತ್ತು. ಮರಿ ನನ್ನ ಮೇಲೂ ಕರೀ ನೀರು ಹಾರಿಸಿತು. ಈ ಸಲ ನಗು ಬರಲಿಲ್ಲ. ಎರಡು ವಾರದ ಮೇಲೆ ಮೂರೂ ಮರಿ ಗೂಡು ಬಿಟ್ಟು ಮೆಳೆಯೊಳಗೆ ನಡೆದು ಹೋದವು. ಒಂದು ಮಾತ್ರ ಕುಪ್ಪಳಿಸುತ್ತಿತ್ತು. ಅದು ಉಳಿಯಿತೋ ಇಲ್ಲವೋ ಗೊತ್ತಿಲ್ಲ.

ತಾತ ಉಳಿದರು. ಕಾಲೂ ಉಳಿಯಿತು. ತಡವಾದ್ದರಿಂದ ಮೂಳೆ ಸೊಟ್ಟಗೆ ಕೂಡಿತ್ತು. ಆಮೇಲೆ ಅವರು ಗದ್ದೆ ಬದುವಿನ ಮೇಲೆ ನಡೆಯಲಿಲ್ಲ. ಜಗುಲಿಯಿಂದ ಹೊಂಗೆ ಮರದವರೆಗೆ, ಅಲ್ಲಿಂದ ವಾಪಸ್, ಅಷ್ಟೇ. ನಾನು ಹೇಳಿದ್ದು ಸುಳ್ಳೆಂದು ಅವ್ವ ಅವರಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ. ಮನೆಗೆ ಯಾರೇ ಬರಲಿ, "ನಮ್ ಗಿರ್ಜಿ ಸಂಜೀವಿನಿ ಬೇರು ಕಣ್ಣಾರೆ ಕಂಡವ್ಳೆ ಕಣ್ರೀ" ಎಂದು ಅವರು ಸಾಯುವವರೆಗೂ ಹೇಳಿದರು. ನಾನು ಪಕ್ಕದಲ್ಲೇ ಕಾಫಿ ಲೋಟ ಹಿಡಿದು ನಿಂತಿರುತ್ತಿದ್ದೆ.

ಹೋದ ವರ್ಷ ಚಿಕ್ಕಪ್ಪ ಆ ಬೇಲಿ ಬುಡಸಮೇತ ಕೀಳಿಸಿ ಕಲ್ಲುಕಂಬ ನೆಟ್ಟು ತಂತಿ ಎಳೆಸಿದರು. ನಾನು ಹೋದ ದಿನ ಕೆಲಸದವರು ಮೆಳೆಯಿಂದ ಒಂದು ಹಳೆಯ ಗೂಡು ಎತ್ತಿಟ್ಟಿದ್ದರು. ಎಪ್ಪತ್ತು ದಾಟಿದ ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ಅದನ್ನು ಎಳೆ ಎಳೆಯಾಗಿ ಬಿಡಿಸುತ್ತಿದ್ದರು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

"ಚಿಕ್ಕಪ್ಪ, ಅವತ್ತು ನಾನು ಹೇಳಿದ್ದು ಸುಳ್ಳು. ಬೇರೂ ಇಲ್ಲ, ಗೀರೂ ಇಲ್ಲ."

"ಸುಮ್ನಿರಮ್ಮಿ. ನೀನು ಆಗ ಚಿಕ್ಕೋಳು, ಮರ್ತೋಗದೆ ನಿಂಗೆ" ಎಂದು ಅವರು ತಲೆ ಎತ್ತದೆ ಹೇಳಿದರು.

ಈಗ ಹಿತ್ತಿಲು ಬಯಲಾಗಿ ನಾಲೆಯವರೆಗೂ ಕಾಣುತ್ತದೆ. ಕೆಂಬೂತದ ಕೂಗು ಕೇಳಿದರೂ ದೂರದ ಯಾರದೋ ಕಬ್ಬಿನ ಗದ್ದೆಯಿಂದ. ಬೇಲಿ ಬೇಕೆಂದರೆ ಮತ್ತೆ ಬೆಳೆಸಬಹುದು. ಲಂಟಾನಕ್ಕೆ ಯಾರೂ ನೀರು ಹಾಕಬೇಕಾಗಿಲ್ಲ. ತಾತನಿಗೆ ನಿಜ ಹೇಳಲು ನನಗೆ ಹನ್ನೊಂದು ಮಳೆಗಾಲ ಇತ್ತು, ಪ್ರತಿ ಸಂಜೆ ಅವರು ಜಗುಲಿಯಲ್ಲೇ ಕೂತಿರುತ್ತಿದ್ದರು. ಒಂದು ಸಂಜೆಯೂ ಹೇಳಲಿಲ್ಲ.