ಕಂಬದಾಚೆ ನಿಂತ ಅತ್ತೆ

ದೋಣಿ ಕಾಣೆಯಾದ ಹಿಂದಿನ ದಿನ ಏನೂ ಆಗಲಿಲ್ಲ. ಮಧ್ಯಾಹ್ನ ನನ್ನ ಗಂಡ ತೊಮೇಜಿ ಕಡಲಿನಿಂದ ಬಂದರು. ಹೆಗಲ ಮೇಲೆ ಒಂದು ತಾರಾ. ಚಳಿಗಾಲದಲ್ಲಿ ನಮ್ಮೂರು ಬದುಕುವುದೇ ಈ ಅಗಲ ಬಾಯಿಯ, ಉಬ್ಬು ಹೊಟ್ಟೆಯ ಮೀನಿನಿಂದ. ಅಷ್ಟು ದೊಡ್ಡದನ್ನು ಮಾತ್ರ ನಾನು ನೋಡಿರಲಿಲ್ಲ. ಬಾಲ ಅವರ ಮೊಣಕಾಲಿಗೆ ಬಡಿಯುತ್ತಿತ್ತು.

"ಇದು ಹಬ್ಬಕ್ಕೆ. ಯಾರೂ ಮುಟ್ಟಬೇಡಿ" ಎಂದರು.

ಅತ್ತೆ ಇಶಿ ಒಲೆಯ ಮುಂದೆ ಕೂತು ಚಿಲುಮೆ ಸೇದುತ್ತಿದ್ದರು. "ನಿನ್ನ ಹೆಂಡ್ತಿ ಬಾಯೂ ಇಷ್ಟೇ ಅಗಲ. ಇಬ್ಬರಲ್ಲಿ ಯಾರನ್ನ ಕೋಲಿಗೆ ಕಟ್ತೀಯೋ?" ಎಂದರು.

ನನ್ನ ಗಂಡ ನಕ್ಕರು. ಹಿತ್ತಲಲ್ಲಿ ಹಿಮ ಅಗೆದು ಮೀನು ಹೂತಿಟ್ಟರು. ಎರಡು ಬಟ್ಟಲು ಅನ್ನ ಉಂಡು ಮಲಗಿದರು. ಬೆಳಗಿನ ಜಾವ ಎದ್ದು ಕಡಲಿಗೆ ಹೋದರು. ನಾನು ಬಾಗಿಲವರೆಗೂ ಹೋಗಲಿಲ್ಲ. ಚಳಿ ಇತ್ತು.

ಅವತ್ತು ಗಾಳಿ ತಿರುಗಿತು. ಉಳಿದ ದೋಣಿಗಳು ಬಂದವು, ನಮ್ಮ ದೋಣಿ ಕೋಯೋ ಮಾರು ಬರಲಿಲ್ಲ. ಊರವರು ಮೂರು ದಿನ ಹುಡುಕಿದರು. ನಾಲ್ಕನೇ ದಿನ ಊರ ಹಿರಿಯ ಸೆಂಜೂರೊ ಒಂದು ಬಿಳಿ ಕಾಗದ ಹಿಡಿದು ಮನೆಗೆ ಬಂದರು. ಸಾವಾದ ಮನೆಯಲ್ಲಿ ದೇವರ ಗೂಡಿಗೆ ಆ ಕಾಗದ ಅಂಟಿಸಬೇಕು. ಆ ಮನೆಯವರು ಐವತ್ತು ದಿನ ಗುಡಿಯ ದ್ವಾರದ ಕಂಬ ದಾಟುವಂತಿಲ್ಲ. ಹಬ್ಬಕ್ಕೆ ಇನ್ನು ಏಳೇ ದಿನ ಇತ್ತು.

ಹಬ್ಬದ ದಿನ ಪ್ರತಿ ದೋಣಿಯ ಮನೆಯವರೂ ತಮ್ಮ ದೊಡ್ಡ ತಾರಾವನ್ನು ಕೋಲಿಗೆ ಕಟ್ಟಿ ಗುಡಿಗೆ ಹೊತ್ತುಕೊಂಡು ಹೋಗುತ್ತಾರೆ. ಮೀನು ಬಾರದ ದೋಣಿ ದೇವರ ಲೆಕ್ಕದಲ್ಲಿ ಇರುವುದಿಲ್ಲ. ಲೆಕ್ಕದಲ್ಲಿ ಇಲ್ಲದ ದೋಣಿಯನ್ನು ದೇವರು ಯಾಕೆ ವಾಪಸ್ ಕಳಿಸುತ್ತಾನೆ? ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ಆ ಮೀನು ಗುಡಿಗೆ ಹೋಗಬೇಕು.

ಅತ್ತೆ ಸೆಂಜೂರೊ ಕೈಯ ಕಾಗದ ಕಿತ್ತುಕೊಂಡು ತಮ್ಮ ತೊಡೆಯ ಕೆಳಗೆ ಹಾಕಿಕೊಂಡರು. "ಹೆಣ ಬಂತಾ? ದೋಣಿ ಹಲಗೆ ಬಂತಾ? ಸೂತಕ ಕಿವಿಯಿಂದ ಒಳಗೆ ಬರೋದು ಕಣಯ್ಯ. ನಮ್ಮ ಕಿವಿಗೆ ಇನ್ನೂ ಯಾರೂ ಏನೂ ಹೇಳಿಲ್ಲ."

ಸೆಂಜೂರೊ ಎದ್ದು ಹೋದರು. ಅತ್ತೆಯ ಎದುರು ನಿಲ್ಲುವವರು ಊರಲ್ಲಿ ಇರಲಿಲ್ಲ. ಗಂಡ ಸತ್ತ ಮೇಲೆ ಇಪ್ಪತ್ತು ವರ್ಷ ಬೆನ್ನಿಗೆ ಬುಟ್ಟಿ ಕಟ್ಟಿ ಗುಡ್ಡದ ಹಳ್ಳಿಗಳಿಗೆ ಮೀನು ಮಾರಿದವರು. ನನ್ನನ್ನು ಹತ್ತು ವರ್ಷ ಬೈದಿದ್ದರು. ಅಕ್ಕಿ ತೊಳೆಯೋಕೆ ಬರಲ್ಲ ಎಂದು, ಮಕ್ಕಳಾಗಲಿಲ್ಲ ಎಂದು.

ಮಗ ಬಾರದ ದಿನದಿಂದ ಅತ್ತೆ ಮಗನ ಬಟ್ಟಲಿಗೆ ಬೆಳಿಗ್ಗೆ ಅನ್ನ ಬಡಿಸಿ ಮುಚ್ಚಳ ಹಾಕಿ ಇಡುತ್ತಿದ್ದರು. ದೂರ ಹೋದವರಿಗೆ ಹೀಗೆ ಇಡುತ್ತಾರೆ. ಮುಚ್ಚಳದ ಒಳಗೆ ಹನಿ ಕಟ್ಟಿದರೆ ಜೀವ ಇದೆ ಎಂದು ಅರ್ಥ. ದಿನಾ ಮುಚ್ಚಳ ಎತ್ತಿ ನನಗೆ ತೋರಿಸುತ್ತಿದ್ದರು. "ನೋಡೇ, ಬೆವರಿದೆ." ನಾನು ಅದನ್ನು ನೋಡಿಯೇ ಒಲೆ ಹತ್ತಿಸುತ್ತಿದ್ದೆ.

ಹಬ್ಬದ ಬೆಳಿಗ್ಗೆ ಇಬ್ಬರೂ ಮೀನು ಅಗೆದು ತೆಗೆದೆವು. ಕಲ್ಲಿನಂತೆ ಆಗಿತ್ತು. ಕೋಲಿನ ಮುಂದಿನ ತುದಿ ನನ್ನ ಹೆಗಲಿಗೆ, ಹಿಂದಿನದು ಅತ್ತೆಗೆ. ದಾರಿಯಲ್ಲಿ ಹೆಂಗಸರು ನಮ್ಮನ್ನು ಕಂಡು ಮಾತು ನಿಲ್ಲಿಸಿದರು.

ಗುಡಿಯ ದ್ವಾರದ ಕೆಂಪು ಕಂಬಗಳ ಹತ್ತಿರ ಬಂದಾಗ ಹಿಂದಿನಿಂದ ಕೋಲು ಕೆಳಗಿಳಿಯಿತು. "ಮೊಣಕಾಲು ಬರ್ತಿಲ್ಲ ಕಣೇ ಕಿಯೊ. ನೀನು ಹೋಗು" ಎಂದರು ಅತ್ತೆ.

ಇಷ್ಟು ದೂರ ಬಂದ ಮೊಣಕಾಲಿಗೆ ಇನ್ನೆರಡು ಹೆಜ್ಜೆ ಆಗಲ್ಲವಾ ಎಂದು ಕೇಳಿದೆ. ಸಿಟ್ಟಿನಲ್ಲಿ ಮೀನನ್ನು ಬಿಚ್ಚಿ ಎದೆಗೆ ಅಪ್ಪಿಕೊಂಡು ಒಬ್ಬಳೇ ಒಳಗೆ ಹೋದೆ.

ಅಂಗಳದಲ್ಲಿ ಸೆಂಜೂರೊ ದೋಣಿಗಳ ಹೆಸರು ಓದುತ್ತಿದ್ದರು. ಆಯಾ ಮನೆಯವರು "ಬಂದಿದೆ" ಎಂದು ಮೀನು ಮುಂದಿಡುತ್ತಿದ್ದರು. ಹದಿನೇಳು ಹೆಸರು ಓದಿ ಕಾಗದ ಮಡಿಚಿದರು. ನಮ್ಮದನ್ನು ಓದಲಿಲ್ಲ.

"ಕೋಯೋ ಮಾರು ಬಂದಿದೆ" ಎಂದೆ.

ಯಾರೂ ಅಲುಗಾಡಲಿಲ್ಲ. ಮೀನಿನ ಹಿಮ ಕರಗಿ ನನ್ನ ಎದೆ ಒದ್ದೆಯಾಗುತ್ತಿತ್ತು. ಇನ್ನೊಮ್ಮೆ ಹೇಳಿದೆ. ಆಗ ಪೂಜಾರಿ ಮೆಟ್ಟಿಲು ಇಳಿದು ಬಂದು ತಾವೇ ಮೀನನ್ನು ತೆಗೆದುಕೊಂಡು ಹೋಗಿ ಸಾಲಿನ ಕೊನೆಗೆ ಇಟ್ಟರು. ನನ್ನ ಕೈಗೆ ದೇವರಿಗಿಟ್ಟ ಅಕ್ಕಿ ಹೆಂಡದ, ಸಾಕೆಯ, ಪುಟ್ಟ ಬಟ್ಟಲು ಕೊಟ್ಟರು. ನಾನು ಕುಡಿಯಲಿಲ್ಲ, ಅತ್ತೆಗೆಂದು ಅಂಗೈ ಮುಚ್ಚಿ ತಂದೆ.

ಅತ್ತೆ ಅಲ್ಲೇ ನಿಂತಿದ್ದರು. ತಲೆ ಮೇಲೆ ಹಿಮ ಕೂತಿತ್ತು. ಕಂಬಕ್ಕೆ ಒರಗಿಯೂ ಇರಲಿಲ್ಲ, ಒಂದು ಮಾರು ದೂರ ನಿಂತಿದ್ದರು.

"ಇಟ್ರಾ?" ಎಂದರು.

ಇಟ್ಟರು ಎಂದೆ. ಬಟ್ಟಲು ಚಾಚಿದೆ. ಕೈ ಹಿಂದಕ್ಕೆ ಎಳೆದುಕೊಂಡರು. "ನೀನೇ ಕುಡಿ. ಈಗಲೇ ಕುಡಿ."

ಕುಡಿದೆ. ಅಷ್ಟೂ ದಿನಗಳಲ್ಲಿ ಮೊದಲ ಸಲ ಮೈ ಬೆಚ್ಚಗಾಯಿತು. ನನ್ನ ಗಂಡ ಬರುತ್ತಾರೆ ಎಂದು ಖಾತ್ರಿಯಾಯಿತು.

ಮನೆಗೆ ಬಂದ ಮೇಲೆ ಅತ್ತೆ ತಮ್ಮ ಹಾಸಿಗೆಯ ಅಡಿಯಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಹಲಗೆ ತೆಗೆದರು. ನಾನು ಅಷ್ಟಿಷ್ಟೇ ಓದಬಲ್ಲೆ. ಆದರೆ ಅದರ ಮೇಲಿನ ಅಕ್ಷರಗಳಿಗೆ ಪ್ರತಿ ವರ್ಷ ಬಣ್ಣ ಬಳಿದವಳು ನಾನೇ. ಕೋಯೋ ಮಾರು.

"ಮೂರು ದಿನ ಆಯ್ತು" ಎಂದರು. "ಪಕ್ಕದ ಕೊಲ್ಲೀಲಿ ಸಿಕ್ತಂತೆ. ಜೊತೆಗೆ ಅವನ ಒಂದು ಬೂಟು. ಈಗ ಕೇಳಿಸ್ಕೋ ತಾಯಿ. ತೊಮೇಜಿ ಹೋದ."

"ನೀನು ಮನುಷ್ಯಳಾ?" ಎಂದೆ. ಅತ್ತೆಯನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೊಂದೇ ಸಲ. "ದಿನಾ ಮುಚ್ಚಳ ಎತ್ತಿ ತೋರಿಸ್ತಿದ್ದೆಯಲ್ಲ. ಬೆವರಿದೆ ಅಂತ."

"ನಿನಗೆ ಹೇಳಿದ್ರೆ ಮೀನು ಹೋಗ್ತಿರಲಿಲ್ಲ. ಅವನ ಕೊನೇ ಮೀನು ಅದು. ಹಿತ್ತಲಲ್ಲಿ ನಾಯಿ ತಿನ್ನೋದಾ? ನನ್ನ ಕಿವಿ ಕೇಳಿತ್ತು, ನಾನು ಹೊರಗೆ ನಿಂತೆ. ನಿನ್ನ ಕಿವಿ ಕೇಳಿರಲಿಲ್ಲ."

ಮುಚ್ಚಿಟ್ಟಿದ್ದ ಬಿಳಿ ಕಾಗದ ತಂದು ದೇವರ ಗೂಡಿಗೆ ತಾವೇ ಅಂಟಿಸಿದರು. ಅದು ಸೊಟ್ಟಗಾಯಿತು.

ನಾನು ಆ ಚಳಿಗಾಲ ಮುಗಿಯುವವರೆಗೂ ಅವರೊಂದಿಗೆ ಮಾತಾಡಲಿಲ್ಲ. ಹೆಣ ಸಿಗಲೇ ಇಲ್ಲ. ಅತ್ತೆ ಆಮೇಲೆ ಆರು ವರ್ಷ ಬದುಕಿದರು. ಒಂದು ಹಬ್ಬಕ್ಕೂ ಕಂಬ ದಾಟಲಿಲ್ಲ. ಐವತ್ತು ದಿನ ಎಂದೋ ಮುಗಿದಿದೆ ಎಂದು ಪೂಜಾರಿ ಬಂದು ಹೇಳಿದರೂ ಹೋಗಲಿಲ್ಲ. ಮೊಣಕಾಲು ಎಂದರು.

ನಾನೂ ಹೋಗುವುದಿಲ್ಲ. ದೇವರಲ್ಲಿ ಬೇಡಲು ಇನ್ನೇನೂ ಇಲ್ಲ.

ಬೆಳಿಗ್ಗೆ ಎದ್ದು ಅನ್ನ ಮಾಡುತ್ತೇನೆ. ನನ್ನ ಗಂಡನ ಬಟ್ಟಲಿಗೆ ಬಡಿಸಿ ಮುಚ್ಚಳ ಹಾಕುತ್ತೇನೆ. ಸತ್ತವರ ಅನ್ನಕ್ಕೆ ಉಣ್ಣುವ ಕಡ್ಡಿಗಳನ್ನು ನೆಟ್ಟಗೆ ನೆಡುತ್ತಾರೆ. ನಾನು ಬಟ್ಟಲ ಪಕ್ಕ ಮಲಗಿಸಿ ಇಡುತ್ತೇನೆ. ಸ್ವಲ್ಪ ಹೊತ್ತು ಬಿಟ್ಟು ಮುಚ್ಚಳ ಎತ್ತಿದರೆ ಹನಿ ಇರುತ್ತದೆ. ಬಿಸಿ ಅನ್ನ, ಇರದೆ ಎಲ್ಲಿ ಹೋಗುತ್ತದೆ. ತೋಳಿನಿಂದ ಒರೆಸಿ ಮತ್ತೆ ಮುಚ್ಚುತ್ತೇನೆ.